ಲಿಫ್ಟಿನ ಕೆಳಗೆ ಐದು ನಿಮಿಷ

ಕಾರು ಡೀಲರ್‌ಗಳ ವರ್ಕ್‌ಶಾಪಿನ ಬಾಗಿಲಲ್ಲಿ ‘ಗ್ರಾಹಕರಿಗೆ ಪ್ರವೇಶವಿಲ್ಲ’ ಎಂಬ ಫಲಕ ಇಲ್ಲದಿರುವುದು ಅಪರೂಪ. ಯಾಕೆ ಎಂದು ಕೇಳಿದರೆ ಸುರಕ್ಷತೆ ಎನ್ನುತ್ತಾರೆ, ವಿಮೆ ಎನ್ನುತ್ತಾರೆ, ಕಂಪನಿಯ ನಿಯಮ ಎನ್ನುತ್ತಾರೆ. ಮಂಗಳೂರಿನ ಒಂದು ಡೀಲರ್‌ಶಿಪ್ಪಿನ ಸರ್ವೀಸ್ ವಿಭಾಗವನ್ನು ಹಲವು ವರ್ಷ ನೋಡಿಕೊಂಡ ನಾನು ಹೇಳುವುದಾದರೆ, ಮೊದಲನೆಯ ಕಾರಣ ನಿಜ; ಉಳಿದೆರಡು ಅದರ ಬೆನ್ನಿಗೆ ಅಂಟಿಕೊಂಡು ಬಂದವು. ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದಿದೆ: ನೋಡುವವರಿಲ್ಲದಿದ್ದರೆ ಕೆಲಸ ಬೇಗ ಮುಗಿಯುತ್ತದೆ.

ಕರಾವಳಿಯಲ್ಲಿ ಬಿಲ್ಲಿನ ಜಗಳಕ್ಕೂ ಋತುಮಾನವಿದೆ. ಮಳೆಗಾಲಕ್ಕೆ ಮೊದಲು ಟಯರು, ಬ್ರೇಕು, ವೈಪರ್. ಮಳೆ ನಿಂತ ಮೇಲೆ ತಳಭಾಗದ ತುಕ್ಕು. ಉಪ್ಪು ಗಾಳಿಯೂ ಕೆಂಪು ಕೆಸರೂ ಸೇರಿ ಸೈಲೆನ್ಸರಿನ ಬ್ರಾಕೆಟ್ಟನ್ನು ತಿಂದುಬಿಡುತ್ತವೆ. ನಡುನಡುವೆ ಇಲಿ ಕಡಿದ ವೈರು. ಜಗಳವಾಗುತ್ತಿದ್ದದ್ದು ಬಿಡಿಭಾಗದ ಬೆಲೆಗಲ್ಲ, ಅದು ಡಬ್ಬಿಯ ಮೇಲೆ ಅಚ್ಚಾಗಿಯೇ ಬರುತ್ತದೆ. ಜಗಳವೆಲ್ಲ ಕಣ್ಣಿಗೆ ಕಾಣದ ಕೆಲಸಗಳಿಗೆ: ಬ್ರೇಕ್ ಕ್ಲೀನಿಂಗ್, ಎಸಿಯ ಒಳಭಾಗದ ಶುದ್ಧೀಕರಣ, ಇಂಜಿನ್ನಿನ ಇಂಗಾಲ ತೆಗೆಯುವುದು, ತಳಕ್ಕೆ ತುಕ್ಕು ನಿರೋಧಕ ಲೇಪನ. ಮಾಡಿದರೂ ಕಾಣದು, ಮಾಡದಿದ್ದರೂ ಕಾಣದು. ಗ್ರಾಹಕರು ಸಂಶಯಪಟ್ಟರೆ ಅದರಲ್ಲಿ ತಪ್ಪೇನೂ ನನಗೆ ತೋರುತ್ತಿರಲಿಲ್ಲ.

ಪರಿಹಾರವೆಂದು ಎಲ್ಲರೂ ಮಾಡುವುದು ಲೌಂಜಿಗೂ ವರ್ಕ್‌ಶಾಪಿಗೂ ನಡುವೆ ಗಾಜಿನ ಗೋಡೆ, ಜೊತೆಗೆ ಸಿಸಿಟಿವಿ ತೋರಿಸುವ ಒಂದು ಪರದೆ. ನಮ್ಮಲ್ಲಿ ಎರಡೂ ಇದ್ದವು. ಗಾಜಿನಿಂದ ಕಾಣುವುದು ಕಾರಿನ ಮೂತಿ ಮತ್ತು ಟೆಕ್ನೀಷಿಯನ್‌ನ ಬೆನ್ನು. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಬಿಡಿಭಾಗ ಗೋದಾಮಿನಿಂದ ಬರಲಿ ಎಂದು ಕಾರು ಅರ್ಧ ಗಂಟೆ ಸುಮ್ಮನೆ ನಿಂತರೆ ಅದೂ ಕಾಣುತ್ತದೆ. ಕಾಫಿ ಹಿಡಿದು ಕುಳಿತವರು ಕೌಂಟರಿಗೆ ಬಂದು, ನನ್ನ ಗಾಡಿಯನ್ನು ಯಾರೂ ಮುಟ್ಟುತ್ತಿಲ್ಲವಲ್ಲ ಎಂದು ಸರಿಯಾಗಿಯೇ ಕೇಳುತ್ತಿದ್ದರು. ಗಾಜು ಹಳೆಯ ಸಂಶಯವನ್ನು ಕಳೆಯಲಿಲ್ಲ, ಹೊಸದೊಂದು ದೂರನ್ನು ಹುಟ್ಟಿಸಿತು.

ಆದ್ದರಿಂದ ನಾವು ಹಿಡಿದ ದಾರಿ ಬೇರೆ. ಗ್ರಾಹಕರು ದಿನವಿಡೀ ನೋಡಬೇಕಾಗಿಲ್ಲ, ಒಂದೇ ಸಲ ಸರಿಯಾದ ಹೊತ್ತಿನಲ್ಲಿ ಐದು ನಿಮಿಷ ನೋಡಿದರೆ ಸಾಕು. ಸರಿಯಾದ ಹೊತ್ತು ಯಾವುದು? ಕಾರು ಲಿಫ್ಟಿನ ಮೇಲೇರಿದ ಕೂಡಲೇ, ಎಸ್ಟಿಮೇಟ್ ಬರೆಯುವ ಮೊದಲು. ಬಿಲ್ ಕೊಡುವಾಗ ಹಳೆಯ ಬ್ರೇಕ್ ಪ್ಯಾಡ್ ತೋರಿಸುವುದು ಎಲ್ಲ ಕಡೆ ಇರುವ ಪದ್ಧತಿ, ಆದರೆ ಆಗ ಗ್ರಾಹಕರು ಮಾಡುವುದೇನೂ ಉಳಿದಿರುವುದಿಲ್ಲ. ಆ ಪ್ಯಾಡು ತನ್ನದೇ ಕಾರಿನದು ಎಂದು ನಂಬುವುದೂ ಕಷ್ಟ.

ರಿಸೆಪ್ಷನ್ನಿಗೆ ಹತ್ತಿರದ ಮೊದಲ ಬೇಯನ್ನು, ಅಂದರೆ ಒಂದು ಕಾರು ನಿಲ್ಲಿಸಿ ಕೆಲಸ ಮಾಡುವ ಜಾಗವನ್ನು, ಇದಕ್ಕೆಂದೇ ಮೀಸಲಿಟ್ಟೆವು. ನೆಲಕ್ಕೆ ಹಳದಿ ಗೆರೆ ಎಳೆದೆವು. ಅದರಾಚೆಗೆ ಕಾಲಿಡುವುದು ಲಿಫ್ಟಿನ ಲಾಕ್ ಬಿದ್ದದ್ದನ್ನು ಟೆಕ್ನೀಷಿಯನ್ ನೋಡಿಕೊಂಡ ಮೇಲೆ, ಗ್ರಾಹಕರೊಡನೆ ವ್ಯವಹರಿಸುವ ಸರ್ವೀಸ್ ಅಡ್ವೈಸರ್ ಜೊತೆಗೆ ಮಾತ್ರ. ಎರಡು ಕಂಬದ ಲಿಫ್ಟಿನಲ್ಲಿ ಕಾರು ನಿಂತಿರುವುದು ನಾಲ್ಕು ತೋಳುಗಳ ಮೇಲೆ. ತೋಳಿನ ಪ್ಯಾಡು ಸರಿಯಾದ ಜಾಗದಲ್ಲಿ ಕುಳಿತಿದೆಯೇ ಎಂದು ಕಾರನ್ನು ಒಂದಡಿ ಎತ್ತಿ, ಅಲುಗಾಡಿಸಿ ನೋಡದೆ ಪೂರ್ತಿ ಏರಿಸಬಾರದು. ಇದನ್ನು ಗ್ರಾಹಕರ ಎದುರಿಗೇ ಮಾಡಿಸಿದೆವು. ತಲೆಗೆ ಹೆಲ್ಮೆಟ್, ಕಾಲಿಗೆ ಮುಚ್ಚಿದ ಪಾದರಕ್ಷೆ. ಮಳೆಗಾಲದಲ್ಲಿ ನಮ್ಮೂರಿನಲ್ಲಿ ಶೂ ಹಾಕಿಕೊಂಡು ಯಾರು ಬರುತ್ತಾರೆ? ಅಳತೆಗೆ ಹೊಂದದ ಗಂಬೂಟುಗಳನ್ನು ತಂದಿಟ್ಟೆವು. ಮಕ್ಕಳಿಗೆ ಪ್ರವೇಶವಿರಲಿಲ್ಲ, ಎಷ್ಟೇ ಅತ್ತರೂ.

ಡೀಲರ್‌ಶಿಪ್ಪಿನ ಮಾಲೀಕರನ್ನು ಒಪ್ಪಿಸುವುದು ಸುಲಭವಾಗಿರಲಿಲ್ಲ. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆ ದುರಸ್ತಿಯನ್ನೂ ತಯಾರಿಕೆಯ ಲೆಕ್ಕಕ್ಕೇ ಸೇರಿಸುತ್ತಿತ್ತು, ಅಂದರೆ ನಮ್ಮದು ಕಾರ್ಖಾನೆ, ಒಳಗೆ ಬಂದವರಿಗೆ ಏನಾದರೂ ಆದರೆ ತಲೆಯ ಮೇಲೆ ಬರುತ್ತದೆ ಎಂಬುದು ಅವರ ವಾದ. ನ್ಯಾಯವೇ. ಆದರೆ ಫಲಕ ಇದ್ದೂ ಜನ ಒಳಗೆ ಬರುತ್ತಲೇ ಇದ್ದರು: ಪರಿಚಯದವರು, ಹಳೆಯ ಗ್ರಾಹಕರು, ಕೌಂಟರಿನವರಿಗೆ ಹೆದರದವರು. ಜೊತೆಗೆ ಯಾರೂ ಇಲ್ಲದೆ, ಚಪ್ಪಲಿಯಲ್ಲಿ, ಫೋನಿನಲ್ಲಿ ಮಾತನಾಡುತ್ತ, ಏರ್ ಹೋಸ್ ಎಡವುತ್ತ ಬರುತ್ತಿದ್ದರು. ಅದಕ್ಕಿಂತ ಸಹಿ ಮಾಡಿಸಿಕೊಂಡು ಕೈಹಿಡಿದು ಕರೆತರುವುದೇ ಕಡಿಮೆ ಅಪಾಯದ್ದು ಎಂದು ಹೇಳಿದಾಗ ಅವರು ಒಪ್ಪಿದರು, ಪ್ರಾಯೋಗಿಕವಾಗಿ ಎಂಬ ಪದವನ್ನು ಸೇರಿಸಿ.

ಟೆಕ್ನೀಷಿಯನ್‌ಗಳು ಒಪ್ಪಲಿಲ್ಲ. ಮದುವೆ ಮನೆಯ ಅಡುಗೆಶಾಲೆಗೆ ನೆಂಟರು ನುಗ್ಗಿದ ಹಾಗಾಗುತ್ತದೆ ಎಂದು ನಮ್ಮ ಹಿರಿಯ ಟೆಕ್ನೀಷಿಯನ್ ತುಳುವಿನಲ್ಲಿ ಗೊಣಗಿದ. ಅವನ ಮಾತಿನಲ್ಲಿ ಸತ್ವವಿತ್ತು. ಆಯಿಲ್ ಡ್ರೈನ್ ಪ್ಲಗ್ ಬಿಗಿಯುವ ಹೊತ್ತಿನಲ್ಲಿ ಪಕ್ಕದಲ್ಲಿ ನಿಂತವರು ಮೈಲೇಜ್ ಯಾಕೆ ಕಡಿಮೆ ಎಂದು ಕೇಳಿದರೆ, ಬಿಗಿದೆನೋ ಇಲ್ಲವೋ ಎಂಬುದು ಮರೆತುಹೋಗುತ್ತದೆ. ಜಾಬ್ ಕಾರ್ಡಿನಲ್ಲಿ ಇಲ್ಲದ ಕೆಲಸವನ್ನು ‘ಇದನ್ನೂ ಸ್ವಲ್ಪ ನೋಡಿಬಿಡಿ’ ಎಂದು ಅಂಟಿಸುವವರೂ ಇದ್ದಾರೆ. ಆ ಕೆಲಸಕ್ಕೆ ಲೇಬರ್ ಚಾರ್ಜ್ ಇಲ್ಲ, ಸಮಯವೂ ಇಲ್ಲ, ನಾಳೆ ಕೆಟ್ಟರೆ ಹೊಣೆ ಮಾತ್ರ ಇದೆ. ಹಾಗಾಗಿ ಒಂದು ಕಟ್ಟಳೆ ಮಾಡಿದೆವು. ಟೆಕ್ನೀಷಿಯನ್‌ನ ಕೈಯಲ್ಲಿ ಟಾರ್ಚ್ ಇರುವಷ್ಟು ಹೊತ್ತು ಏನನ್ನಾದರೂ ಕೇಳಬಹುದು. ಸ್ಪಾನರ್ ಕೈಗೆ ಬಂದ ಮೇಲೆ ಮಾತು ಬಂದ್, ಗ್ರಾಹಕರು ಗೆರೆಯ ಆಚೆ. ಇದನ್ನು ನಾವು ಬೋರ್ಡಿನಲ್ಲಿ ಬರೆಯಲಿಲ್ಲ, ಅಡ್ವೈಸರ್ ಬಾಯಿಮಾತಿನಲ್ಲಿ ಹೇಳುತ್ತಿದ್ದ, ಮತ್ತು ಆಶ್ಚರ್ಯವೆಂದರೆ ಜನ ಪಾಲಿಸಿದರು.

ಐದು ನಿಮಿಷದಲ್ಲಿ ತೋರಿಸುವುದು ಏನು ಎಂಬುದರಲ್ಲೇ ಇಡೀ ವಿಷಯವಿದೆ. ಮೊದಲು ಟಯರು: ಹಳ್ಳಗಳ ಒಳಗೆ ಇರುವ ಪುಟ್ಟ ಉಬ್ಬಿಗೆ ಮೇಲ್ಮೈ ಸಮನಾದರೆ ಉಳಿದಿರುವುದು 1.6 ಮಿಲಿಮೀಟರ್, ಬದಲಿಸಬೇಕು. ಒಳಬದಿ ಮಾತ್ರ ಸವೆದಿದ್ದರೆ ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್ ಯಾಕೆ ಬೇಕೆಂದು ವಿವರಿಸುವ ಅಗತ್ಯವೇ ಇಲ್ಲ, ಬೆರಳಾಡಿಸಿದರೆ ತಿಳಿಯುತ್ತದೆ. ಆಮೇಲೆ ಬ್ರೇಕ್ ಪ್ಯಾಡ್; ಹೊಸದು ಸುಮಾರು 10 ಮಿಲಿಮೀಟರ್ ದಪ್ಪ, 3ರ ಹತ್ತಿರ ಬಂದರೆ ಬದಲಾವಣೆ. ಚಕ್ರದ ಬಳಿಯ ರಬ್ಬರ್ ಹೊದಿಕೆ (ಬೂಟ್) ಹರಿದು ಗ್ರೀಸ್ ಸಿಡಿದಿದ್ದರೆ ಅದು, ಚಕ್ರವನ್ನು ಹಿಡಿದಿಡುವ ಲೋವರ್ ಆರ್ಮಿನ ರಬ್ಬರ್ ಬುಷ್ ಬಿರಿದಿದ್ದರೆ ಅದು. ಸಾಲಾಗಿ ಕಾಣುವ ತುಕ್ಕಿನಲ್ಲಿ ಮೇಲ್ಪದರದ್ದು ಯಾವುದು, ಲೋಹ ತಿಂದದ್ದು ಯಾವುದು ಎಂದು ಸ್ಕ್ರೂಡ್ರೈವರಿನ ತುದಿಯಿಂದ ತಟ್ಟಿ ಕೇಳಿಸಬೇಕು, ಸದ್ದೇ ಬೇರೆ. ಕೊನೆಗೆ ಕಾರನ್ನು ಇಳಿಸಿ ಬಾನೆಟ್ ತೆಗೆದರೆ ಇಲಿಯ ಹಿಕ್ಕೆ.

ಕಾಣದ್ದನ್ನು ಕಾಣಿಸುವುದು ಹೇಗೆ? ಬ್ರೇಕ್ ಆಯಿಲನ್ನೇ ತೆಗೆದುಕೊಳ್ಳಿ. ಅದು ಗಾಳಿಯ ತೇವವನ್ನು ಹೀರುತ್ತದೆ, ಕರಾವಳಿಯಲ್ಲಿ ತೇವಕ್ಕೆ ಬರವಿಲ್ಲ. ಡಾಟ್ 4 ದರ್ಜೆಯದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ನಂತರದ ಕನಿಷ್ಠ ಮಿತಿ 155 ಮಾತ್ರ; ಕುದಿದರೆ ಬ್ರೇಕ್ ಹಿಡಿಯದು. ಶಿರಾಡಿಯನ್ನೋ ಚಾರ್ಮಾಡಿಯನ್ನೋ ಬ್ರೇಕ್ ಒತ್ತುತ್ತಲೇ ಇಳಿಯುವವರಿಗೆ ಈ ಎರಡು ಅಂಕಿಗಳನ್ನು ಹೇಳಿ, ತೇವ ಅಳೆಯುವ ಪೆನ್ನನ್ನು ಅವರ ಕೈಗೇ ಕೊಟ್ಟು ಅದ್ದಿಸಿದೆವು. ಹಸಿರು ದೀಪ ಬಂದರೆ ಕೆಲಸ ಬೇಡ, ಕೆಂಪು ಬಂದರೆ ಬೇಕು.

ಟಾರ್ಚಿನಿಂದಲೋ ಉಪಕರಣದಿಂದಲೋ ಕಂಪನಿಯ ಕೈಪಿಡಿಯಿಂದಲೋ ತೋರಿಸಲಾಗದ್ದನ್ನು ಎಸ್ಟಿಮೇಟಿಗೆ ಬರೆಯಬಾರದು ಎಂದು ಅಡ್ವೈಸರ್‌ಗಳಿಗೆ ಹೇಳಿದ ದಿನದಿಂದ ಕೆಲವು ಸಾಲುಗಳು ಎಸ್ಟಿಮೇಟಿನಿಂದ ತಾವಾಗಿ ಮಾಯವಾದವು. ಯಾವುವು ಎಂದು ಸರ್ವೀಸ್ ಮಾಡಿಸಿದವರಿಗೆಲ್ಲ ಗೊತ್ತು. ಅವುಗಳಿಂದ ಬರುತ್ತಿದ್ದ ಇನ್ಸೆಂಟಿವ್ ಹೋಯಿತೆಂದು ಅಡ್ವೈಸರ್‌ಗಳು ಮುಖ ಊದಿಸಿದರು. ಇನ್ನೊಂದು ಕಡೆ ಬುಷ್, ಬೂಟ್, ಬ್ರಾಕೆಟ್ಟುಗಳಂತಹ, ಮೊದಲು ‘ಮುಂದಿನ ಸಲ ನೋಡೋಣ’ ಎಂದು ತಳ್ಳಿಹಾಕುತ್ತಿದ್ದ ಕೆಲಸಗಳಿಗೆ ಗ್ರಾಹಕರು ಅಲ್ಲಿಯೇ ನಿಂತು ಒಪ್ಪತೊಡಗಿದರು. ಬೇಡ ಎನ್ನುವವರೂ ಸಲೀಸಾಗಿ ಬೇಡ ಎಂದರು.

ನೋಡುವ ಕಣ್ಣುಗಳಿಂದ ನಮ್ಮೊಳಗೂ ಒಂದೆರಡು ಬದಲಾದವು. ಚಕ್ರದ ನಟ್ಟುಗಳನ್ನು ಏರ್ ಗನ್ನಿನಿಂದ ಬಿಗಿದು ಕಳಿಸುವುದು ಈ ಕಸುಬಿನಲ್ಲಿ ಎಲ್ಲ ಕಡೆ ಕಾಣುವ ರೂಢಿ. ಕೊನೆಯ ಬಿಗಿತ, ಎಷ್ಟು ಬಿಗಿಯಾಯಿತೆಂದು ಅಳೆಯುವ ಟಾರ್ಕ್ ರೆಂಚಿನಿಂದ ಆಗಬೇಕು. ವೀಡಿಯೊ ನೋಡಿಕೊಂಡು ಬಂದ ಯುವಕರು ಅದೆಲ್ಲಿ ಎಂದು ಕೇಳಿದ್ದರಿಂದ ರೆಂಚು ಕಪಾಟಿನಿಂದ ಹೊರಬಂದು ಬೇಯ ಗೋಡೆಗೆ ನೇತುಬಿತ್ತು. ಇನ್ನೊಂದು, ಮಹಿಳೆಯರು ಬಂದಾಗ ಜೊತೆಗಿದ್ದ ಗಂಡಸಿಗೆ ವಿವರಿಸುವ ಅಡ್ವೈಸರ್‌ಗಳ ಚಾಳಿ. ಲಿಫ್ಟಿನ ಕೆಳಗೆ ಟಾರ್ಚ್ ಬೆಳಕಿನಲ್ಲಿ ಪ್ರಶ್ನೆ ಕೇಳುವವರು ಯಾರೋ ಅವರಿಗೇ ಉತ್ತರ ಕೊಡಬೇಕಾಗುತ್ತದೆ. ಕಾರನ್ನು ದಿನವೂ ಓಡಿಸುವವರೇ ಹೆಚ್ಚು ಕೇಳುತ್ತಿದ್ದರು.

ಮಾಲೀಕ ದುಬೈಯಲ್ಲಿ, ಕಾರು ಬಂಟ್ವಾಳದಲ್ಲಿ, ತಂದದ್ದು ವಯಸ್ಸಾದ ತಂದೆ: ಇದು ನಮ್ಮಲ್ಲಿ ನಿತ್ಯದ ಸಂಗತಿ. ಅಂಥವರಿಗೆ ಲಿಫ್ಟಿನ ಕೆಳಗಿನಿಂದಲೇ ವೀಡಿಯೊ ಕರೆ. ಕಾರು ಬಿಟ್ಟು ಹೋಗುವವರಿಗೆ ರೆಕಾರ್ಡ್ ಮಾಡಿದ ವೀಡಿಯೊ, ಅದು ನಂಬರ್ ಪ್ಲೇಟಿನಿಂದ ಶುರುವಾಗಿ ನಡುವೆ ನಿಲ್ಲದೆ ತಳಭಾಗಕ್ಕೆ ಹೋಗಬೇಕು. ಕತ್ತರಿಸಿದ ವೀಡಿಯೊ ಕಂಡರೆ ಬೇರೆ ಯಾರದೋ ಕಾರು ಎಂಬ ಅನುಮಾನ ಬಂದೇ ಬರುತ್ತದೆ. ಪಕ್ಕದ ಬೇಯ ಕಾರುಗಳನ್ನು, ಮುಖ್ಯವಾಗಿ ಅಪಘಾತವಾಗಿ ವಿಮೆಗೆ ಕಾಯುತ್ತಿರುವವನ್ನು, ಯಾರೂ ಚಿತ್ರಿಸುವಂತಿರಲಿಲ್ಲ.

ಎಲ್ಲ ಜಾಗವನ್ನೂ ತೆರೆಯಲಿಲ್ಲ, ತೆರೆಯಬಾರದು. ಪೇಂಟ್ ಬೂತಿನ ಗಾಳಿಯಲ್ಲಿ ಉಸಿರಿಗೆ ಹಾನಿ ಮಾಡುವ ಐಸೊಸಯನೇಟ್ ರಾಸಾಯನಿಕ ಇರುತ್ತದೆ, ಸರಿಯಾದ ಮಾಸ್ಕ್ ಇಲ್ಲದೆ ನಮ್ಮವರೇ ಹೋಗುವಂತಿಲ್ಲ. ಬಾಗಿದ ಬಾಡಿಯನ್ನು ಎಳೆದು ನೇರ ಮಾಡುವ ಬೆಂಚಿನ ಸರಪಳಿ ತುಂಡಾದರೆ ಯಾರ ದಿಕ್ಕಿಗೆ ಹಾರುತ್ತದೆಂದು ಹೇಳಲಾಗದು. ವಿದ್ಯುತ್ ಕಾರಿನ ಹೆಚ್ಚು ವೋಲ್ಟೇಜಿನ ಕಿತ್ತಳೆ ಬಣ್ಣದ ಕೇಬಲ್ ಬಿಚ್ಚಿಟ್ಟಿರುವಾಗ ಸುತ್ತ ಹಗ್ಗ ಕಟ್ಟಿ, ತರಬೇತಿ ಪಡೆದವನೊಬ್ಬನನ್ನು ಬಿಟ್ಟು ಉಳಿದವರೆಲ್ಲ ದೂರ. ಶನಿವಾರವೂ ಪ್ರವೇಶವಿರಲಿಲ್ಲ. ದಸರಾದ ಹಿಂದಿನ ವಾರವಂತೂ ನಮಗೇ ನಿಲ್ಲಲು ಜಾಗ ಇರುತ್ತಿರಲಿಲ್ಲ.

ಹಳೆಯ ಬಿಡಿಭಾಗಗಳನ್ನು ಚೀಲದಲ್ಲಿ ಕಟ್ಟಿ ಡಿಕ್ಕಿಯಲ್ಲಿ ಇಡುತ್ತಿದ್ದೆವು, ವಾರಂಟಿಯಲ್ಲಿ ಬದಲಿಸಿದವನ್ನು ಬಿಟ್ಟು. ಅವನ್ನು ಕಂಪನಿ ವಾಪಸ್ ಕೇಳುತ್ತದೆ. ತೊಂದರೆ ಬಂದದ್ದು ಹಳೆಯ ಇಂಜಿನ್ ಆಯಿಲಿನ ವಿಷಯದಲ್ಲಿ. ಕಣ್ಣೆದುರೇ ಇಳಿಯುವ ಕಪ್ಪು ಆಯಿಲ್ ಕಂಡವರಿಗೆ ಮನೆಯ ಪಕ್ಕಾಸಿಗೆ, ಬೇಲಿಯ ಗೂಟಕ್ಕೆ ಗೆದ್ದಲು ಬಾರದಂತೆ ಬಳಿಯುವುದು ನೆನಪಾಗುತ್ತದೆ. ಅದು ಅಪಾಯಕಾರಿ ತ್ಯಾಜ್ಯ, ಪರವಾನಗಿ ಇರುವ ಮರುಸಂಸ್ಕರಣೆಯವರಿಗೇ ಕೊಡಬೇಕು ಎಂದು ಎಷ್ಟು ಹೇಳಿದರೂ, ನನ್ನ ಕಾರಿನ ಆಯಿಲ್ ನನಗೆ ಯಾಕಿಲ್ಲ ಎಂಬ ವಾದ ಮುಗಿಯುವುದಿಲ್ಲ. ಕ್ಯಾನ್ ಹಿಡಿದುಕೊಂಡೇ ಬರುವವರು ಈಗಲೂ ಇದ್ದಾರೆ.