ಕೂಲಿ ಚೀಟಿ ಮೊದಲು, ಹೊಸ ಕ್ರಮ ಆಮೇಲೆ: ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸದ ರೀತಿ ಬದಲಿಸಿದ ಅನುಭವ

ಕುಮಟಾ, ಅಂಕೋಲಾ, ಹೊನ್ನಾವರ ಕಡೆಯ ಗೇರುಬೀಜದ ಕಾರ್ಖಾನೆಗಳಲ್ಲಿ ಸುಧಾರಣೆ ಎಂದು ಯಾರೇ ಹೊರಡಲಿ, ಲೆಕ್ಕ ಬಂದು ನಿಲ್ಲುವುದು ಒಂದೇ ಕಡೆ: ನೂರು ಬೀಜ ಒಡೆದರೆ ಎಷ್ಟು ತಿರುಳು ಇಡಿಯಾಗಿ ಹೊರಬರುತ್ತದೆ? ಒಂದು ಪೌಂಡಿಗೆ 300ರಿಂದ 320 ಎಣಿಕೆ ಬರುವ ಇಡೀ ತಿರುಳು ಡಬ್ಲ್ಯು 320 ಎಂಬ ದರ್ಜೆಗೆ ಹೋಗುತ್ತದೆ. ಅದೇ ತಿರುಳು ಕತ್ತಿಗೆ ಸಿಕ್ಕಿ ಮುರಿದರೆ ಚೂರಿನ ಡಬ್ಬಕ್ಕೆ ಹೋಗುತ್ತದೆ, ಬೆಲೆಯೂ ಹಾಗೇ ಇಳಿಯುತ್ತದೆ. ಹಾಗಾಗಿ ಮಾಲೀಕರ ಕಣ್ಣು ಮೊದಲು ಬೀಳುವುದು ಬೀಜ ಒಡೆಯುವ ಕಟಿಂಗ್ ವಿಭಾಗದ ಮೇಲೆ. ಚೂರು ಜಾಸ್ತಿ ಮಾಡಿದವರ ಕೂಲಿ ಕಡಿತ ಎಂದು ಒಂದು ನೋಟಿಸು ಅಂಟುತ್ತದೆ. ಚೆನ್ನಾಗಿ ಕೆಲಸ ಬಲ್ಲ ಹೆಂಗಸರು ಆ ತಿಂಗಳೇ ಪಕ್ಕದ ಕಾರ್ಖಾನೆಗೆ ನಡೆಯುತ್ತಾರೆ, ಹೊಸಬರು ಬರುತ್ತಾರೆ, ಚೂರು ಇನ್ನಷ್ಟು ಹೆಚ್ಚುತ್ತದೆ. ಆಮೇಲೆ ಆಫೀಸಿನಲ್ಲಿ ಕೇಳುವ ಮಾತು, 'ಈ ಜನಕ್ಕೆ ಬದಲಾವಣೆಯೇ ಬೇಡ.'

ಬದಲಾವಣೆ ಬೇಡ ಎನ್ನುವವರು ಬಹಳ ಕಡಿಮೆ. ಕೂಲಿ ಕಡಿಮೆಯಾಗುವುದು ಬೇಡ ಎನ್ನುವವರೇ ಎಲ್ಲ. ಕಟಿಂಗ್ ಕೂಲಿ ತೂಕದ ಮೇಲೆ. ಹೊಸ ರೀತಿಯಲ್ಲಿ ಕೈ ಕೂರುವವರೆಗೆ ವೇಗ ಇಳಿದೇ ಇಳಿಯುತ್ತದೆ, ಶನಿವಾರದ ಬಟವಾಡೆಯಲ್ಲಿ ಅದು ಕಾಣುತ್ತದೆ. ಆದ್ದರಿಂದ ಹೊಸ ಕ್ರಮದ ಕಾಗದ ಬರೆಯುವ ಮೊದಲು ನಾವು ಮಾಡುವುದು ಒಂದು ಪಟ್ಟಿ: ಈ ಬದಲಾವಣೆಯಿಂದ ಯಾರಿಗೆ ಏನು ಹೋಗುತ್ತದೆ? ಕಟಿಂಗಿನವರಿಗೆ ಮೊದಲ ವಾರಗಳ ಕೂಲಿ, ಬಾಯ್ಲರಿನವನಿಗೆ ಮಧ್ಯಾಹ್ನದ ಬಿಡುವು, ಮೇಸ್ತ್ರಿಗೆ ಅವನ ಮಾತಿನ ತೂಕ, ರೈಟರಿಗೆ ಇನ್ನೊಂದು ರಿಜಿಸ್ಟರು ಬರೆಯುವ ತಲೆನೋವು. ಈ ಪಟ್ಟಿಯಲ್ಲಿ ಹೆಸರಿದ್ದವರು ವಿರೋಧಿಸುತ್ತಾರೆ, ಇಲ್ಲದವರು ವಿರೋಧಿಸುವುದಿಲ್ಲ. ಇಷ್ಟು ಸರಳವಾಗಿ ಊಹಿಸಬಹುದಾದ ಸಂಗತಿಗೆ ಮನಃಸ್ಥಿತಿ ತರಬೇತಿ ಎಂದು ಹೊರಗಿನವರನ್ನು ಕರೆಸಿ ದುಡ್ಡು ಸುರಿಯುವುದು ನನಗೆ ಸರಿ ಕಂಡಿಲ್ಲ.

ಎರಡನೆಯ ಕೆಲಸ, ತಕರಾರನ್ನು ಬರೆದುಕೊಳ್ಳುವುದು. 'ಬೀಜವೇ ಸಮಾ ಬೇಯ್ಲಿಲ್ಲ, ನಾವೆಂತ ಮಾಡುದು?' ಎಂಬ ಮಾತು ಪ್ರತಿ ಕಟಿಂಗ್ ಹಾಲಿನಲ್ಲೂ (ಬೀಜ ಒಡೆಯುವ ದೊಡ್ಡ ಕೋಣೆಯಲ್ಲೂ) ಕೇಳುತ್ತದೆ. ಇದು ನೆಪ ಅಲ್ಲ. ಇಡೀ ಕಾರ್ಖಾನೆಯಲ್ಲಿ ಅದಕ್ಕಿಂತ ನಿಖರವಾದ ತಾಂತ್ರಿಕ ವರದಿ ಸಿಗುವುದಿಲ್ಲ.

ಕಾರಣ ಇದು. ಹಸಿ ಬೀಜ ಹಬೆಯಲ್ಲಿ ಬೆಂದು ಆರಿದಾಗ ಚಿಪ್ಪು ಗಡುಸಾಗಿ ತಿರುಳಿನಿಂದ ಬಿಡುತ್ತದೆ. ಹಬೆ ಕಡಿಮೆಯಾದರೆ ತಿರುಳು ಚಿಪ್ಪಿಗೇ ಅಂಟಿಕೊಂಡಿರುತ್ತದೆ, ಕೊಕ್ಕೆ ಹಾಕಿ ಎಬ್ಬಿಸುವಾಗ ಮುರಿಯುತ್ತದೆ. ಜಾಸ್ತಿಯಾದರೆ ಚಿಪ್ಪಿನ ಎಣ್ಣೆ ಒಳಗಿಳಿದು ತಿರುಳಿಗೆ ಕಲೆ ಹಿಡಿಯುತ್ತದೆ. ಬೆಂದ ಬೀಜ ನೆಲದ ಮೇಲೆ ತೆಳುವಾಗಿ ಹರಡಿ 12ರಿಂದ 24 ತಾಸು ಆರಬೇಕು. ಆರದೆ ಕೊಟ್ಟರೆ ಚಿಪ್ಪು ರಬ್ಬರಿನ ಹಾಗೆ ಬಗ್ಗುತ್ತದೆ, ಒಡೆಯುವುದಿಲ್ಲ. ಇನ್ನೂ ಒಂದಿದೆ, ಗಾತ್ರ. ಕಾಲಲ್ಲಿ ಒತ್ತುವ ಕಟಿಂಗ್ ಯಂತ್ರದ ಎರಡು ಕತ್ತಿಗಳ ನಡುವಿನ ಅಂತರ ಒಂದು ಗಾತ್ರದ ಬೀಜಕ್ಕೆ ಮಾತ್ರ ಸರಿಹೊಂದುತ್ತದೆ. ದೊಡ್ಡದು, ಸಣ್ಣದು ಬೆರೆತು ಬಂದರೆ ದೊಡ್ಡದರ ತಿರುಳಿಗೆ ಕತ್ತಿ ತಾಗುತ್ತದೆ, ಸಣ್ಣದು ಅರ್ಧ ಮಾತ್ರ ಸೀಳುತ್ತದೆ. ಈ ಮೂರೂ ತಪ್ಪು ನಡೆಯುವುದು ಬೀಜ ಕಟಿಂಗ್ ಮೇಜಿಗೆ ಬರುವ ಮೊದಲು. ಎಣಿಕೆಯಾಗುವುದು ಮಾತ್ರ ಆ ಮೇಜಿನ ಮೇಲೆ, ಆ ಹೆಂಗಸಿನ ಹೆಸರಿನಲ್ಲಿ.

ಹಾಗಾಗಿ ಸುಧಾರಣೆಯನ್ನು ನಾವು ಕಟಿಂಗಿನಿಂದ ಅಲ್ಲ, ಅದರ ಹಿಂದಿನ ಹಂತಗಳಿಂದ ಶುರು ಮಾಡುತ್ತೇವೆ. ಜಾಲರಿ ಯಂತ್ರದಲ್ಲಿ ಬೀಜವನ್ನು ಮೂರು ಅಥವಾ ನಾಲ್ಕು ಗಾತ್ರಕ್ಕೆ ಬೇರ್ಪಡಿಸಿ, ಪ್ರತಿ ಗಾತ್ರವನ್ನು ಬೇರೆಯಾಗಿ ಬೇಯಿಸುವುದು. ಹಬೆಯ ಸಮಯ ಗಾತ್ರಕ್ಕೂ ಬೀಜದ ಮೂಲಕ್ಕೂ ತಕ್ಕಂತೆ ಬದಲಾಗುತ್ತದೆ. ಏಪ್ರಿಲ್, ಮೇಯಲ್ಲಿ ಬರುವ ಊರ ಬೀಜ ಒಂದು ತರಹ, ಬೆನಿನ್ ಅಥವಾ ಐವರಿ ಕೋಸ್ಟಿನಿಂದ 80 ಕಿಲೊ ಚೀಲದಲ್ಲಿ ಬರುವ ಬೀಜ ಇನ್ನೊಂದು ತರಹ. ಒಂದರ ಸಮಯ ಇನ್ನೊಂದಕ್ಕೆ ಹೊಂದುವುದಿಲ್ಲ.

ಆಮೇಲೆ ನೂರು ಬೀಜದ ಪರೀಕ್ಷೆ. ಪ್ರತಿ ಲಾಟ್, ಅಂದರೆ ಒಟ್ಟಿಗೆ ಬೇಯಿಸಿದ ಬೀಜ, ಆರಿದ ಮೇಲೆ ರಾಶಿಯ ಮೇಲಿನಿಂದ, ನಡುವಿನಿಂದ, ನೆಲಕ್ಕೆ ತಾಗಿದ ಅಡಿಯಿಂದ ಬೆರೆಸಿ ನೂರು ಬೀಜ ತೆಗೆದು ಪಳಗಿದ ಒಬ್ಬರ ಕೈಯಲ್ಲಿ ಒಡೆಸುವುದು. ಎಷ್ಟು ಇಡಿ, ಎಷ್ಟು ಕತ್ತಿ ತಾಗಿದ್ದು, ಎಷ್ಟು ಅಂಟಿಕೊಂಡದ್ದು, ಎಷ್ಟು ಕಲೆ, ಈ ನಾಲ್ಕು ಅಂಕೆ ಬರೆದರೆ ಸಾಕು. ಕತ್ತಿ ತಾಗಿದ್ದು ಹೆಚ್ಚಿದ್ದರೆ ಗಾತ್ರ ಬೆರೆತಿದೆ ಅಥವಾ ಕತ್ತಿ ಮೊಂಡಾಗಿದೆ. ಅಂಟಿದ್ದು ಹೆಚ್ಚಿದ್ದರೆ ಹಬೆ ಸಾಲದು. ಕಲೆ ಹೆಚ್ಚಿದ್ದರೆ ಹಬೆ ಅತಿಯಾಗಿದೆ. ಲಾಟ್ ಸರಿ ಇಲ್ಲದಿದ್ದರೆ ಹಾಲಿಗೆ ಹೋಗಕೂಡದು.

ಇಲ್ಲಿ ಮುಖ್ಯವಾದದ್ದು, ಆ ನೂರು ಬೀಜ ಒಡೆಯುವವರು ಯಾರು ಎಂಬುದು. ಆಫೀಸು ಆರಿಸಬಾರದು. ಕಟಿಂಗಿನವರೇ ಇಬ್ಬರನ್ನು ಆರಿಸಲಿ, ಎಲ್ಲರಿಗಿಂತ ಗಟ್ಟಿಯಾಗಿ ತಕರಾರು ಹೇಳುವವರು ಅದರಲ್ಲಿ ಇದ್ದರೆ ಇನ್ನೂ ಒಳ್ಳೆಯದು. ಲಾಟ್ ತಡೆಯುವ ಅಧಿಕಾರ ಅವರಿಗೆ ನಿಜವಾಗಿಯೂ ಇರಬೇಕು. ಅವರು ತಡೆದ ಲಾಟನ್ನು ಆರ್ಡರಿನ ಅವಸರಕ್ಕೆ ಒಂದೇ ಒಂದು ಸಲ ಹಾಲಿಗೆ ತಳ್ಳಿದರೂ ಆ ಪರೀಕ್ಷೆಗೆ ಮರುದಿನದಿಂದ ಬೆಲೆ ಇರುವುದಿಲ್ಲ. ಪರೀಕ್ಷೆಗೆ ಕೂತ ಹೊತ್ತಿನ ಕೂಲಿ ಬೇರೆಯಾಗಿ ಕೊಡಬೇಕು, ಇಲ್ಲದಿದ್ದರೆ ಎರಡನೇ ವಾರ ಯಾರೂ ಬರುವುದಿಲ್ಲ.

ಇದು ನಮ್ಮ ಕರಾವಳಿಯಲ್ಲಿ ಹೊಸದಾಗಿ ಕಂಡುಕೊಂಡ ವಿದ್ಯೆಯೇನಲ್ಲ. ಅಮೆರಿಕದ ವರ್ಜೀನಿಯಾ ರಾಜ್ಯದ ಮೇರಿಯನ್ ಎಂಬ ಊರಿನ ಪೈಜಾಮ ಕಾರ್ಖಾನೆಯಲ್ಲಿ ಲೆಸ್ಟರ್ ಕೋಚ್ ಮತ್ತು ಜಾನ್ ಫ್ರೆಂಚ್ ನಡೆಸಿದ ಅಧ್ಯಯನ 1948ರಲ್ಲಿ ಪ್ರಕಟವಾಯಿತು. ಅಲ್ಲಿಯೂ ಹೆಚ್ಚಿನವರು ಹೆಂಗಸರು, ಅಲ್ಲಿಯೂ ಮಾಡಿದಷ್ಟಕ್ಕೆ ಕೂಲಿ. ಕೆಲಸದ ರೀತಿ ಬದಲಾಗಿದೆ ಎಂದು ಬರೀ ತಿಳಿಸಿದ ಗುಂಪಿನಲ್ಲಿ ಮೊದಲ 40 ದಿನಗಳಲ್ಲಿ ನೂರಕ್ಕೆ 17 ಮಂದಿ ಕೆಲಸ ಬಿಟ್ಟರು, ಉಳಿದವರ ಉತ್ಪಾದನೆಯೂ ಮೇಲೇಳಲಿಲ್ಲ. ಹೊಸ ರೀತಿಯನ್ನು ಎಲ್ಲರೂ ಸೇರಿ ರೂಪಿಸಿದ ಗುಂಪುಗಳಲ್ಲಿ ಆ ಅವಧಿಯಲ್ಲಿ ಒಬ್ಬರೂ ಬಿಡಲಿಲ್ಲ, ವೇಗವೂ ಹಳೆಯ ಮಟ್ಟವನ್ನು ದಾಟಿತು. ಗೇರುಬೀಜಕ್ಕೂ ಪೈಜಾಮಕ್ಕೂ ಸಂಬಂಧವಿಲ್ಲ, ತುಂಡುಗೂಲಿಯ ಲೆಕ್ಕ ಮಾತ್ರ ಎರಡೂ ಕಡೆ ಒಂದೇ.

ಈಗ ಕೂಲಿಯ ವಿಷಯ. ಇಡೀ ತಿರುಳಿಗೆ ಒಂದು ದರ, ಚೂರಿಗೆ ಇನ್ನೊಂದು ದರ ಎಂದು ಬದಲಿಸುವಾಗ ನಾವು ಬಳಸುವ ಕ್ರಮ ಹೀಗಿದೆ. ಪ್ರತಿಯೊಬ್ಬರ ಹಿಂದಿನ ಎಂಟು ವಾರಗಳ ಗಳಿಕೆಯ ಸರಾಸರಿ ತೆಗೆಯುವುದು, ಹಬ್ಬದ ರಜೆ ಬಂದ ವಾರಗಳನ್ನು ಬಿಟ್ಟು. ಹೊಸ ದರ ಬಂದ ಮೊದಲ ನಾಲ್ಕು ವಾರ ಹೊಸ ಲೆಕ್ಕ ಮತ್ತು ಈ ಸರಾಸರಿ ಎರಡರಲ್ಲಿ ಯಾವುದು ಹೆಚ್ಚೋ ಅದನ್ನು ಕೊಡುವುದು. ಚೀಟಿಯಲ್ಲಿ ಎರಡೂ ಅಂಕೆ ಅಕ್ಕಪಕ್ಕ ಕನ್ನಡದಲ್ಲಿ ಇರಬೇಕು. ಕೈಗೆ ಬಂದ ದುಡ್ಡಿಗಿಂತ ಆ ಎರಡು ಸಾಲು ಹೆಚ್ಚು ಕೆಲಸ ಮಾಡುತ್ತವೆ. ಮೂರನೇ ವಾರ ಹೊಸ ಸಾಲಿನ ಅಂಕೆ ಹಳೆಯದನ್ನು ದಾಟಿದ್ದನ್ನು ಒಬ್ಬರು ನೋಡಿದರೆ ಊಟದ ಹೊತ್ತಿಗೆ ಹಾಲಿಗೆಲ್ಲ ಗೊತ್ತಾಗಿರುತ್ತದೆ. ನಾಲ್ಕು ವಾರ ಕಳೆದರೂ ದಾಟದವರು ಬಹಳ ಮಂದಿ ಇದ್ದರೆ ದರವೇ ತಪ್ಪಾಗಿದೆ ಎಂದು ತಿಳಿಯಬೇಕು. ಯಾವ ಲೆಕ್ಕವೂ ಕನಿಷ್ಠ ವೇತನಕ್ಕಿಂತ ಕೆಳಗೆ ಇಳಿಯಬಾರದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕೂಲಿಯ ರೀತಿ, ಪಾಳಿಯ ಹೊತ್ತು ಬದಲಿಸುವಾಗ ಕಾನೂನಿನ ನೋಟಿಸೂ ಇದೆ. 1947ರ ಕೈಗಾರಿಕಾ ವಿವಾದ ಕಾಯ್ದೆಯ 9ಎ ಕಲಮಿನಲ್ಲಿ 21 ದಿನ ಮೊದಲು ತಿಳಿಸಬೇಕು ಎಂದಿತ್ತು. ಅದರ ಜಾಗಕ್ಕೆ ಬಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಆ ಅವಧಿ ಹಾಗೇ ಉಳಿದಿದೆ. ಈ ಮೂರು ವಾರವನ್ನು ಪರೀಕ್ಷೆಯ ಲಾಟ್ ಓಡಿಸಿ ತೋರಿಸಲು ಬಳಸಿಕೊಳ್ಳಬಹುದು. ಪಾಳಿಯ ಹೊತ್ತಂತೂ ಬಸ್ಸಿನ ವೇಳೆ ನೋಡದೆ ಮುಟ್ಟಲೇಬಾರದು. ಸಂಜೆ ಐದರ ಬಸ್ಸು ತಪ್ಪಿದರೆ ಮುಂದಿನದಕ್ಕೆ ಒಂದು ತಾಸು ಕಾಯುವ ಊರುಗಳಿಂದ ಬರುವವರೇ ಹೆಚ್ಚು.

ಅಂಕೆಗಳ ಬಗ್ಗೆ ಒಂದು ಎಚ್ಚರ. ತಿರುಳು ಒಣಗಿಸುವ ಬೋರ್ಮಾ ಎಂಬ ಬಿಸಿ ಗೂಡಿನ ಉಷ್ಣತೆಯನ್ನು ತಾಸಿಗೊಮ್ಮೆ ಬರೆಯಿರಿ ಎಂದರೆ ಮೊದಲ ವಾರದ ಪುಸ್ತಕ ತೆರೆದು ನೋಡಿ: ಎಂಟು ಸಾಲಲ್ಲೂ 70, ಒಂದೇ ಪೆನ್ನು, ಒಂದೇ ಓರೆ, ಸಾಲಿಗೆ ಸಾಲು ಒಂದೇ ನೇರಕ್ಕೆ. ಪಾಳಿ ಮುಗಿಯುವಾಗ ಕೂತು ಒಟ್ಟಿಗೆ ಬರೆದದ್ದು. ಅಂಕೆ ತಪ್ಪಿದರೆ ಬೈಗುಳ ಸಿಗುವ ಕಡೆ ಸರಿಯಾದ ಅಂಕೆ ಹುಟ್ಟುವುದಿಲ್ಲ. ಮೊದಲ ತಿಂಗಳು ಯಾವ ಅಂಕೆಗೂ ದಂಡವಿಲ್ಲ ಎಂದು ಹೇಳಿ, ಹಾಗೇ ನಡೆದುಕೊಂಡು, 64, 78 ಎಂಬಂತಹ ಅಂಕೆ ಬರೆದವನನ್ನು ಕರೆದು 'ಯಾವ ಟ್ರೇ, ಯಾವ ಹೊತ್ತು' ಎಂದು ಕೇಳಿ ಅದನ್ನು ಸರಿಪಡಿಸಿದರೆ ಪುಸ್ತಕ ನಿಜವಾಗುತ್ತದೆ. ಆಗಲೇ ಗೊತ್ತಾಗುವುದು, ಬೋರ್ಮಾದ ಒಳಗೆ ಕೆಳಗಿನ ಟ್ರೇಗಳಿಗೂ ಮೇಲಿನವಕ್ಕೂ ಬಿಸಿ ಒಂದೇ ಅಲ್ಲ, ನಡುವೆ ಒಮ್ಮೆ ಟ್ರೇ ಅದಲುಬದಲು ಮಾಡಬೇಕು ಎಂದು.

ಹಾಲಿನ ಗೋಡೆಯ ಬೋರ್ಡಿನಲ್ಲಿ ಲಾಟ್ ನಂಬರು ಹಾಕಿ, ಹೆಸರು ಹಾಕಬೇಡಿ. ಯಾರ ಚೂರು ಎಷ್ಟು ಎಂದು ಹೆಸರು ಹಿಡಿದು ಬರೆದ ಕಡೆ ಚೂರು ಕಡಿಮೆಯಾಗುವುದಿಲ್ಲ, ಕಾಣೆಯಾಗುತ್ತದೆ. ಚಿಪ್ಪಿನ ರಾಶಿಗೆ ಸೇರಿ, ಎಣ್ಣೆ ತೆಗೆಯುವವರ ಲಾರಿ ಹತ್ತಿ ಹೋಗುತ್ತದೆ. ಪತ್ತೆ ಹಚ್ಚುವ ದಾರಿ ಸುಲಭ. ದಿನಕ್ಕೊಮ್ಮೆ ಚಿಪ್ಪಿನ ರಾಶಿಯಿಂದ ಐದು ಕಿಲೊ ತೆಗೆದು ಗೋಣಿಯ ಮೇಲೆ ಸುರಿದು ಆರಿಸಿ ನೋಡುವುದು, ಜೊತೆಗೆ ಲಾಟಿನ ತೂಕ ತಾಳೆ ಹಾಕುವುದು. 80 ಕಿಲೊ ಚೀಲಕ್ಕೆ 48 ಪೌಂಡ್ ತಿರುಳು ಬರುವ ಬೀಜವಾದರೆ ಕೊನೆಗೆ ಸುಮಾರು 21.8 ಕಿಲೊ ಕೈಗೆ ಸಿಗಬೇಕು. ಚೂರು ಇಳಿದು, ಒಟ್ಟು ತಿರುಳೂ ಇಳಿದಿದ್ದರೆ ಅದು ಸುಧಾರಣೆಯಲ್ಲ.

ಕಟಿಂಗಿನವರ ವಿರೋಧಕ್ಕಿಂತ ಕಷ್ಟದ್ದು ಮೇಸ್ತ್ರಿಯದು, ಏಕೆಂದರೆ ಅದು ಬಾಯಿಬಿಟ್ಟು ಹೇಳುವಂಥದ್ದಲ್ಲ. ಬೆರಕೆ ಬೀಜದ ಕಾಲದಲ್ಲಿ ಒಳ್ಳೆಯ ಬುಟ್ಟಿ ಯಾರಿಗೆ, ಕೆಟ್ಟದ್ದು ಯಾರಿಗೆ ಎಂದು ಹಂಚುವುದು ಅವನ ಕೈಯಲ್ಲಿತ್ತು. ಗಾತ್ರ ಬೇರ್ಪಡಿಸಿ, ಸರದಿ ಚೀಟಿಯಲ್ಲಿ ಬುಟ್ಟಿ ಹಂಚತೊಡಗಿದರೆ ಆ ಹಿಡಿತ ತಪ್ಪುತ್ತದೆ. ಅದನ್ನು ಕಿತ್ತುಕೊಂಡು ಸುಮ್ಮನೆ ಬಿಟ್ಟರೆ ಜಾಲರಿ ಕಟ್ಟಿಕೊಂಡಿತು, ಚೀಟಿ ಕಳೆಯಿತು ಎಂದು ದಿನಕ್ಕೊಂದು ಕಾರಣ ಹುಟ್ಟುತ್ತದೆ. ಬೆಳಗಿನ ಕತ್ತಿ ತಪಾಸಣೆ, ಗಾತ್ರಕ್ಕೆ ತಕ್ಕಂತೆ ಅಂತರ ಕೂರಿಸುವುದು, ಮೊಂಡು ಕತ್ತಿ ಬದಲಿಸಲು ಸ್ಟೋರಿನಿಂದ ನೇರವಾಗಿ ತರುವ ಅಧಿಕಾರ, ಇವನ್ನು ಅವನಿಗೆ ಕೊಟ್ಟರೆ ಹಾಲಿನಲ್ಲಿ ಅವನ ಅಗತ್ಯ ಉಳಿಯುತ್ತದೆ. ಸಹಿ ಮಾಡುವ ಪುಸ್ತಕವೂ ಅವನದೇ ಇರಲಿ.

ಕಾಲ ನೋಡುವುದೂ ಮುಖ್ಯ. ಜೂನ್, ಜುಲೈಯಲ್ಲಿ ಹೊಸ ಕ್ರಮ ಶುರು ಮಾಡಬೇಡಿ. ಮಳೆಗಾಲದ ಗಾಳಿಯಲ್ಲಿ ಬೆಂದ ಬೀಜ ಆರುವುದಿಲ್ಲ, ಗದ್ದೆ ನೆಟ್ಟಿಗೆ ಹೋದವರಿಂದ ಕಟಿಂಗ್ ಹಾಲ್ ಅರ್ಧ ಖಾಲಿ. ಆ ತಿಂಗಳ ಅಂಕೆ ಕೆಟ್ಟರೆ ಹೊಸ ಕ್ರಮದ ತಲೆಗೇ ಕಟ್ಟುತ್ತಾರೆ. ಚೌತಿ ಮುಗಿದು ಮಳೆ ಇಳಿದ ಮೇಲೆ ಶುರು ಮಾಡಿದರೆ ಮುಂದಿನ ಮಳೆಯೊಳಗೆ ಕೈ ಪಳಗಿರುತ್ತದೆ. ಚೌತಿಗೆ ಮೊದಲು ಕೂಲಿಯ ಮಾತು ಎತ್ತಿದರೆ ಅದನ್ನು ಬೋನಸ್ಸಿನ ಚೌಕಾಸಿ ಎಂದೇ ತಿಳಿಯುತ್ತಾರೆ.

ತಿರುಳಿನ ಒಳಸಿಪ್ಪೆ ಸುಲಿಯುವ ಪೀಲಿಂಗ್ ವಿಭಾಗಕ್ಕೆ ಇದೇ ಕ್ರಮ ಒಯ್ಯುವಾಗ ನೂರು ಬೀಜದ ಬದಲು ಬೋರ್ಮಾದಿಂದ ಇಳಿದ ಪ್ರತಿ ಲಾಟಿನ ಒಂದು ಹಿಡಿ ತಿರುಳನ್ನು ಬೆರಳಲ್ಲಿ ಉಜ್ಜಿ ನೋಡಿದರೆ ಸಾಕು. ಒಳಸಿಪ್ಪೆ ಸಲೀಸಾಗಿ ಉದುರಿದರೆ ಹಾಲಿಗೆ. ಅಂಟಿಕೊಂಡಿದ್ದರೆ ಮತ್ತೆ ಬೋರ್ಮಾಕ್ಕೆ, ಏಕೆಂದರೆ ಅಲ್ಲಿ ಚಾಕು ಒತ್ತಿದಷ್ಟೂ ಗೀರು ಬೀಳುತ್ತದೆ. ಉಜ್ಜುವಾಗಲೇ ತಿರುಳು ಎರಡು ಹೋಳಾದರೆ ಒಣಗಿದ್ದು ಅತಿಯಾಗಿದೆ, ಆ ಲಾಟಿನ ಚೂರನ್ನು ಪೀಲಿಂಗಿನವರ ಲೆಕ್ಕಕ್ಕೆ ಹಾಕಬಾರದು.