ಜಪಾನಿ ಕಲಿಯೋಕೆ ಇಂಗ್ಲಿಷ್ ಬಿಟ್ಟೆ

ಜಪಾನಿ ಭಾಷೆ ಕಬ್ಬಿಣದ ಕಡಲೆ ಅನ್ನುವವರನ್ನು ವಿಚಾರಿಸಿ ನೋಡಿ. ಹೆಚ್ಚಿನವರು ಅದನ್ನು ಇಂಗ್ಲಿಷಿನ ಮೂಲಕ ಕಲಿಯಲು ಹೋದವರೇ ಆಗಿರುತ್ತಾರೆ. ಕನ್ನಡ ಬಲ್ಲವನಿಗೆ ಆ ಭಾಷೆಯ ಅರ್ಧ ವ್ಯಾಕರಣ ಆಗಲೇ ಬಾಯಲ್ಲಿದೆ ಅಂತ ನಮಗೆ ಯಾರೂ ಹೇಳುವುದಿಲ್ಲ. ನನಗೂ ಯಾರೂ ಹೇಳಲಿಲ್ಲ.

ನಾನು ಬಿಡದಿ ಕಡೆಯ ಒಂದು ವಾಹನ ಬಿಡಿಭಾಗದ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದವನು. 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಸ್ಥಾಪನೆಯಾಗಿ, ಬಿಡದಿಯಲ್ಲಿ ಅದರ ಕಾರ್ಖಾನೆ ಎದ್ದ ಮೇಲೆ ಆ ಸುತ್ತಿನಲ್ಲಿ ಜಪಾನಿ ಪದಗಳು ನೀರು ಕುಡಿದಷ್ಟು ಸಲೀಸು. ಕೈಜೆನ್ (ನಿರಂತರ ಸುಧಾರಣೆ), ಗೆಂಬ (ಕೆಲಸ ನಡೆಯುವ ಜಾಗ), ಪೊಕಾಯೊಕೆ (ತಪ್ಪಾಗದಂತೆ ತಡೆಯುವ ಏರ್ಪಾಡು) ಅಂತ ಐಟಿಐ ಮುಗಿಸಿ ಬಂದ ಹುಡುಗರೂ ಮೊದಲ ವಾರದಲ್ಲೇ ಹೇಳುತ್ತಾರೆ. ಆದರೆ ಜಪಾನಿನಿಂದ ಬಂದ ತಂತ್ರಜ್ಞರು ಬಾಯಿ ತೆರೆದರೆ ದುಭಾಷಿಯ ಮುಖ ನೋಡಬೇಕು. ದುಭಾಷಿ ಮೀಟಿಂಗಿನಲ್ಲಿದ್ದರೆ ಕೈಸನ್ನೆ. ನಲವತ್ತು ದಾಟಿದ ಮೇಲೆ ನಾನು ತರಗತಿಗೆ ಸೇರಿದ್ದು ಈ ಕೈಸನ್ನೆಯ ಕಾಟಕ್ಕೆ.

ಜಯನಗರದಲ್ಲಿ ಭಾನುವಾರದ ಕ್ಲಾಸು. ಅಕ್ಕಪಕ್ಕದಲ್ಲಿ ಅನಿಮೆ ಅನ್ನುವ ಜಪಾನಿ ಕಾರ್ಟೂನ್ ನೋಡಿ ಬಂದ ಕಾಲೇಜು ಮಕ್ಕಳು, ನಡುವೆ ಓದುವ ಕನ್ನಡಕ ಹಾಕಿಕೊಂಡ ನಾನು. ಪಾಠವೆಲ್ಲ ಇಂಗ್ಲಿಷಿನಲ್ಲಿ. ಜಪಾನಿಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ನಾಮಪದದ ಕೊನೆಗೆ ಒಂದು ತುಣುಕು ಅಂಟಿಕೊಳ್ಳುತ್ತದೆ, ಇದನ್ನು ಒಗ್ಗಿಸಿಕೊಳ್ಳಲು ಸಮಯ ಬೇಕು ಅಂತ ಟೀಚರ್ ಪಾಪ ಬಹಳ ಹೊತ್ತು ವಿವರಿಸಿದರು. ಹುಡುಗರು ತಲೆ ಕೆರೆದುಕೊಂಡರು. ನಾನು ನೋಟ್‌ಬುಕ್ಕಿನಲ್ಲಿ ಒಂದು ವಾಕ್ಯ ಬರೆದೆ: ‘ಬೆಂಗಳೂರಿನಿಂದ ಬಿಡದಿಗೆ ಬಸ್ಸಲ್ಲಿ ಬರ್ತೀನಿ.’ ಕೆಳಗೆ ಜಪಾನಿ: ‘ಬೆಂಗರೂರು ಕರ ಬಿದಾದಿ ನಿ ಬಸು ದೆ ಕಿಮಸು.’ ‘ಕರ’ ಅಂದರೆ ನಮ್ಮ ‘ಇಂದ’, ‘ನಿ’ ಅಂದರೆ ‘ಗೆ’, ‘ದೆ’ ಅಂದರೆ ಈ ವಾಕ್ಯದಲ್ಲಿ ‘ಬಸ್ಸಲ್ಲಿ’ಯ ‘ಅಲ್ಲಿ’. ಒಂದು ಪದವೂ ಜಾಗ ಬದಲಿಸಲಿಲ್ಲ. ಏಳನೇ ತರಗತಿಯಲ್ಲಿ ಬೈಸಿಕೊಂಡು ಕಲಿತ ವಿಭಕ್ತಿ ಪ್ರತ್ಯಯ ಇಷ್ಟು ವರ್ಷದ ಮೇಲೆ ಕೆಲಸಕ್ಕೆ ಬಂತು!

ಅವತ್ತಿನಿಂದ ನನ್ನ ನೋಟ್ಸಿನಲ್ಲಿ ಇಂಗ್ಲಿಷ್ ಇಲ್ಲ. ಎಡಪುಟದಲ್ಲಿ ಕನ್ನಡ, ಅದೂ ಮನೆಯಲ್ಲಿ ಮಾತಾಡುವ ಕನ್ನಡ, ಪುಸ್ತಕದ್ದಲ್ಲ. ಬಲಪುಟದಲ್ಲಿ ಜಪಾನಿ. ಪಠ್ಯಪುಸ್ತಕದ ವಾಕ್ಯಗಳನ್ನೂ ಬಿಟ್ಟೆ. ಕಾರ್ಖಾನೆಯಲ್ಲಿ ಆ ದಿನ ನಾನೇ ಆಡಿದ ಮಾತುಗಳನ್ನು ಬರೆದುಕೊಂಡು, ಅವು ಜಪಾನಿಯಲ್ಲಿ ಹೇಗಾಗುತ್ತವೆ ಅಂತ ಟೀಚರ್ ಹತ್ತಿರ ತಿದ್ದಿಸಿಕೊಳ್ಳುತ್ತಿದ್ದೆ.

ನಿಜವಾದ ಲಾಭ ಕಂಡಿದ್ದು ಕ್ರಿಯಾಪದದ ‘ತೆ’ ರೂಪಕ್ಕೆ ಬಂದಾಗ. ಕ್ಲಾಸಿನಲ್ಲಿ ಅರ್ಧ ಜನ ಬಿಟ್ಟುಹೋಗುವುದು ಇಲ್ಲೇ. ‘ಕೈತೆ’ ಅಂದರೆ ‘ಬರೆದು’. ಇನ್ನು ನೋಡಿ: ‘ಕೈತೆ ಮಿರು’ ಅಂದರೆ ಬರೆದು ನೋಡು. ‘ಕೈತೆ ಒಕು’ ಅಂದರೆ ಬರೆದಿಡು. ‘ಕೈತೆ ಶಿಮೌ’ ಅಂದರೆ ಬರೆದುಬಿಡು. ‘ಕೈತೆ ಅಗೆರು’ ಅಂದರೆ ಬರೆದುಕೊಡು. ‘ಮಿರು’ ಬಿಡಿಯಾಗಿ ಬಂದರೂ ‘ನೋಡು’ ಎಂದೇ ಅರ್ಥ, ‘ಒಕು’ ಬಿಡಿಯಾಗಿ ‘ಇಡು’, ‘ಅಗೆರು’ ‘ಕೊಡು’. ನಾವು ಯಾವ ಕ್ರಿಯಾಪದವನ್ನು ಬಾಲದಂತೆ ಅಂಟಿಸುತ್ತೇವೋ ಅವರೂ ಅದನ್ನೇ ಅಂಟಿಸುತ್ತಾರೆ. ಇಂಗ್ಲಿಷ್ ಪುಸ್ತಕದಲ್ಲಿ ಇದಕ್ಕೆ ಬೇರೆ ಬೇರೆ ಅಧ್ಯಾಯ, ಪ್ರತಿಯೊಂದಕ್ಕೂ ಉದ್ದುದ್ದ ವಿವರಣೆ: ಪ್ರಯತ್ನಿಸುವ ಅರ್ಥ, ಮುಂಚಿತವಾಗಿ ಮಾಡುವ ಅರ್ಥ, ಪೂರ್ತಿ ಮುಗಿದ ಅರ್ಥ. ‘ತಿಂದು ನೋಡು’ ಅಂತ ದಿನಾ ಹೇಳುವವನಿಗೆ ಆ ವಿವರಣೆ ಯಾಕೆ? ‘ಕಿನೋ ಕಿತ ಹಿತೊ’ ಕೂಡ ಹಾಗೇ, ‘ನಿನ್ನೆ ಬಂದ ವ್ಯಕ್ತಿ’. ‘ದರೆ’ ಅಂದರೆ ಯಾರು, ‘ದರೆಕ’ ಅಂದರೆ ಯಾರೋ, ‘ದರೆಮೊ’ ಬಂದು ಕೊನೆಗೆ ಇಲ್ಲ ಅಂದರೆ ‘ಯಾರೂ ಇಲ್ಲ’.

ಇಷ್ಟೆಲ್ಲ ಹೋಲುತ್ತದೆ ಅಂದಮೇಲೆ ಇವೆರಡೂ ಒಂದೇ ಕುಲ ಇರಬೇಕು ಅಂತ ಕ್ಯಾಂಟೀನಿನಲ್ಲಿ ಒಬ್ಬರು ವಾದ ಹೂಡಿದ್ದರು. ಜಪಾನಿನ ಸುಸುಮು ಓನೊ ಎಂಬ ವಿದ್ವಾಂಸರು ತಮಿಳಿಗೂ ಜಪಾನಿಗೂ ನಂಟಿದೆ ಅಂತ ಬಹಳ ವರ್ಷ ಸಾಧಿಸಲು ನೋಡಿದರು. ಭಾಷಾಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಒಪ್ಪಲಿಲ್ಲ. ವಾಕ್ಯದ ಕಟ್ಟು ಹೋಲಿದರೆ ರಕ್ತಸಂಬಂಧ ಅಂತಲ್ಲ. ಕೊರಿಯನ್, ಟರ್ಕಿಶ್ ಭಾಷೆಗಳಲ್ಲೂ ಕ್ರಿಯಾಪದ ಕೊನೆಗೇ. ಕಲಿಯುವವನಿಗೆ ಕಟ್ಟು ಹೋಲಿದರೆ ಸಾಕು, ನೆಂಟಸ್ತನ ಬೇಕಿಲ್ಲ.

ಆದರೆ ಅಕ್ಷರಗಳ ಕ್ರಮದ ವಿಷಯದಲ್ಲಿ ನಂಟು ನಿಜವಾಗಿಯೂ ಇದೆ. ಜಪಾನಿಯ ಮೂಲ ಅಕ್ಷರಮಾಲೆ ಹಿರಗಾನದ 46 ಅಕ್ಷರಗಳ ಕೋಷ್ಟಕವನ್ನು ಗಮನಿಸಿ: ಮೊದಲು ಸ್ವರಗಳು, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ‘ಸ’ ಹಿಂದೆ ಚಕಾರದ ಹತ್ತಿರದ ಉಚ್ಚಾರ, ‘ಹ’ ಹಿಂದೆ ‘ಪ’ ಆಗಿತ್ತು ಅಂತ ಗೊತ್ತಾದರೆ ನಮ್ಮ ವರ್ಣಮಾಲೆಯ ಸಾಲೇ ಕಾಣುತ್ತದೆ: ಕ, ಚ, ತ, ನ, ಪ, ಮ, ಯ, ರ, ವ. ಬೌದ್ಧ ಭಿಕ್ಷುಗಳು ಸಿದ್ಧಂ ಅನ್ನುವ ಹಳೆಯ ಭಾರತೀಯ ಲಿಪಿಯಲ್ಲಿ ಸಂಸ್ಕೃತ ಓದುತ್ತಿದ್ದ ಕಾಲದಲ್ಲಿ ಆ ಜೋಡಣೆ ಜಪಾನಿಗೆ ಹೋಯಿತು. ಬೇರೆಯವರು ಚಾರ್ಟ್ ಉರು ಹೊಡೆಯುತ್ತಿದ್ದರೆ ನನಗೆ ಕ್ರಮ ಆಗಲೇ ಗೊತ್ತಿತ್ತು, ಆಕಾರ ಕಲಿತರೆ ಸಾಕಾಗಿತ್ತು.

ಉಚ್ಚಾರದಲ್ಲೂ ಕನ್ನಡ ಲಿಪಿ ಕೈಹಿಡಿಯಿತು. ‘ಒಬಸನ್’ ಅಂದರೆ ಅತ್ತೆ, ಚಿಕ್ಕಮ್ಮ. ‘ಒಬಾಸನ್’ ಅಂದರೆ ಅಜ್ಜಿ. ‘ಕಿತೆ’ ಅಂದರೆ ‘ಬಂದು’, ‘ಕಿತ್ತೆ’ ಅಂದರೆ ಅಂಚೆಚೀಟಿ. ರೋಮನ್ ಅಕ್ಷರದಲ್ಲಿ ಓದಿದವರು ಇಲ್ಲಿ ತಡವರಿಸುತ್ತಾರೆ. ಹ್ರಸ್ವ, ದೀರ್ಘ, ಒತ್ತಕ್ಷರ ನಮಗೆ ಬಾಲ್ಯದಿಂದ ಬಂದದ್ದು. ಒಂದು ಎಚ್ಚರಿಕೆ: ಹಿರಗಾನ ಮತ್ತು ಅದರ ಜೋಡಿ ಅಕ್ಷರಮಾಲೆ ಕತಕಾನ ಕೈಗೆ ಹತ್ತಿದ ಕೂಡಲೇ ಜಪಾನಿಯನ್ನು ಕನ್ನಡ ಅಕ್ಷರದಲ್ಲಿ ಬರೆಯುವುದನ್ನು ನಿಲ್ಲಿಸಬೇಕು. ‘ಕಿಮಸು’ ಅಂತ ಬರೆದರೂ ಅವರು ಹೇಳುವುದು ಹೆಚ್ಚುಕಡಿಮೆ ‘ಕಿಮಸ್’. ಅದು ಕಿವಿಯಿಂದಲೇ ಬರಬೇಕು. ನಾಯಂಡಹಳ್ಳಿಯಿಂದ ಕಂಪನಿ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳಿದ್ದನ್ನೇ ಮೆಲ್ಲಗೆ ಹೇಳಿಕೊಳ್ಳುತ್ತಿದ್ದೆ. ‘ಏನ್ ಸಾರ್, ಬೆಳಬೆಳಗ್ಗೆ ಜಪ ಜೋರಾಗಿದೆ’ ಅಂತ ಡ್ರೈವರ್ ಕಿಚಾಯಿಸುತ್ತಿದ್ದ. ಕೆಂಗೇರಿ ಟ್ರಾಫಿಕ್ಕಿಗೆ ಅಷ್ಟಾದರೂ ಉಪಯೋಗ.

ಕಂಜಿಗೆ, ಅಂದರೆ ಚೀನಾದಿಂದ ಬಂದ ಚಿಹ್ನೆಗಳಿಗೆ, ಮಾತ್ರ ಅಡ್ಡದಾರಿ ಇಲ್ಲ. ಜಪಾನ್ ಸರ್ಕಾರದ ನಿತ್ಯಬಳಕೆಯ ಪಟ್ಟಿಯಲ್ಲೇ 2136 ಇವೆ. ನಾನು ಪಠ್ಯದ ಕ್ರಮ ಬಿಟ್ಟು ಡ್ರಾಯಿಂಗ್ ಮತ್ತು ಲೇಬಲ್ಲುಗಳಿಂದ ಶುರುಮಾಡಿದೆ. ‘ಕೆನ್ಸ’ ತಪಾಸಣೆ, ‘ಚೂಇ’ ಎಚ್ಚರಿಕೆ, ‘ಹಿನ್ಶಿತ್ಸು’ ಗುಣಮಟ್ಟ. ಈ ‘ಹಿನ್’ ಚಿಹ್ನೆ ಮೂರು ಚೌಕ, ಕೆಳಗೆರಡು ಮೇಲೊಂದು, ಸ್ಟೋರಿನಲ್ಲಿ ಪೇರಿಸಿದ ಕ್ರೇಟುಗಳಂತೆ, ಅರ್ಥವೂ ಸರಕು. ರಿಜೆಕ್ಟ್ ಆದ ಮಾಲಿನ ಕೆಂಪು ಚೀಟಿಯಲ್ಲಿ ‘ಫುರ್ಯೋ’. ಅದರ ಮೊದಲ ಚಿಹ್ನೆ ‘ಫು’ ನಮ್ಮ ‘ಅ’, ‘ನಿರ್’ಗಳ ಹಾಗೆ ಇಲ್ಲ ಅನ್ನುವುದಕ್ಕೆ. ಅದೊಂದು ಬಂದರೆ ‘ಫುಸೊಕು’ ಕೊರತೆ, ‘ಫುಮೇ’ ಅಸ್ಪಷ್ಟ, ‘ಫುಯೋ’ ಅನಗತ್ಯ, ಎಲ್ಲ ಒಂದೇ ಗೊಂಚಲಿನಲ್ಲಿ ಬಂದವು.

ಒಂದೇ ಕಂಜಿಗೆ ಎರಡು ಓದು ಯಾಕೆ ಅನ್ನುವುದು ಎಲ್ಲರ ಗೋಳು. ನೀರಿನ ಚಿಹ್ನೆ ಒಂಟಿಯಾಗಿದ್ದರೆ ‘ಮಿಜು’, ‘ಸುಇದೋ’ ಅಂದರೆ ನಲ್ಲಿನೀರಿನ ವ್ಯವಸ್ಥೆ ಅನ್ನುವಾಗ ಅದೇ ‘ಸುಇ’. ನಾವು ಕುಡಿಯುವಾಗ ‘ನೀರು’ ಅಂತೀವಿ, ಮಂಡಳಿಗೆ ಮಾತ್ರ ‘ಜಲ’ಮಂಡಳಿ ಅಂತೀವಿ. ಮನೆಯ ಮಾತೊಂದು, ಹೊರಗಿನಿಂದ ಬಂದ ಗೌರವದ ಮಾತೊಂದು. ಅವರಿಗೆ ಚೀನಾದಿಂದ ಬಂತು, ನಮಗೆ ಸಂಸ್ಕೃತದಿಂದ. ಅವರು ಎರಡಕ್ಕೂ ಒಂದೇ ಚಿಹ್ನೆ ಬಳಸುತ್ತಾರೆ, ಅಷ್ಟೇ ವ್ಯತ್ಯಾಸ.

ಮೊದಲ ಸಲ ದುಭಾಷಿಯಿಲ್ಲದೆ ಮಾತಾಡಿದ್ದು ಲೈನಿನ ಪಕ್ಕ. ಒಂದು ಬ್ರಾಕೆಟ್ಟಿನ ಅಂಚಿನಲ್ಲಿ ಬರ್, ಅಂದರೆ ಕತ್ತರಿಸಿದ ಲೋಹದ ಚೂಪು ಸಿಬಿರು, ಉಳಿಯುತ್ತಿತ್ತು. ಜಪಾನಿನ ಹಿರಿಯರು ಕೈಗವಸು ತೆಗೆದು, ಉಗುರಿನಿಂದ ಅಂಚು ಸವರಿ, ತಗಡು ಕತ್ತರಿಸುವ ಪಂಚ್ ತೋರಿಸಿ ಏನೋ ಹೇಳಿದರು. ಪಂಚಿನ ಅಂಚು ಸಾಣೆ ಹಿಡಿಸಿ ಅನ್ನುವಷ್ಟು ಅರ್ಥವಾಯಿತು. ‘ಯತ್ತೆ ಮಿಮಸು’ ಅಂದೆ. ಮಾಡಿ ನೋಡ್ತೀನಿ. ಕನ್ನಡದಲ್ಲಿ ಅಂದುಕೊಂಡಿದ್ದು ನೇರ ಜಪಾನಿಯಾಗಿ ಹೊರಬಂತು, ನಡುವೆ ಇಂಗ್ಲಿಷ್ ಇರಲೇ ಇಲ್ಲ. ಅವರು ‘ಓ’ ಅಂದು ಮುಂದಿನ ಮಾತನ್ನು ನನ್ನ ಕಡೆ ತಿರುಗಿಯೇ ಆಡಿದರು, ಅದರಲ್ಲಿ ಮುಕ್ಕಾಲು ಪಾಲು ತಲೆಯ ಮೇಲೆ ಹೋಯಿತು.

ಅವರ ರೀತಿನೀತಿ ಅರ್ಥವಾಗಿದ್ದೂ ಹೆಚ್ಚಾಗಿ ನಮ್ಮದನ್ನು ನೋಡಿಕೊಂಡೇ. ಮಾತಿನ ನಡುವೆ ಅವರು ‘ಹೈ, ಹೈ’ ಅನ್ನುತ್ತಲೇ ಇರುತ್ತಾರೆ. ಅದು ಒಪ್ಪಿಗೆಯಲ್ಲ, ಕತೆ ಕೇಳುವಾಗ ನಾವು ಹೂಂಗುಟ್ಟುವ ಹಾಗೆ. ‘ಚೊತ್ತೊ ಮುಜುಕಶೀ’ ಅಂದರೆ ಸ್ವಲ್ಪ ಕಷ್ಟ. ನಮ್ಮ ಪ್ಲಾನಿಂಗ್ ಎಂಜಿನಿಯರ್ ಅದನ್ನು ಇಂಗ್ಲಿಷಿನಲ್ಲಿ ಕೇಳಿಸಿಕೊಂಡು, ಹಾಗಾದರೆ ಇನ್ನೊಂಚೂರು ಒತ್ತಾಯ ಮಾಡಿದರೆ ಆಗುತ್ತದೆ ಅಂದುಕೊಂಡಿದ್ದರು. ‘ಸ್ವಲ್ಪ ಕಷ್ಟ ಆಗುತ್ತೆ ಸಾರ್’ ಅಂದರೆ ಆಗಲ್ಲ ಅಂತಲೇ ಅರ್ಥ ಅನ್ನುವುದು ನಮ್ಮ ಸ್ಟೋರ್ ಕೀಪರಿಗೆ ಯಾರೂ ಕಲಿಸಬೇಕಿಲ್ಲ. ಅವರಿಗೂ ನಮ್ಮ ಕಡೆ ಒಂದು ಒಗಟಿತ್ತು: ನಾವು ತಲೆಯನ್ನು ಪಕ್ಕಕ್ಕೆ ಆಡಿಸಿದರೆ ಅದು ಹೌದೋ, ಅಲ್ಲವೋ? ಎರಡೂ ಆಗಬಹುದು ಅಂತ ನನ್ನ ಮುರುಕು ಜಪಾನಿಯಲ್ಲಿ ವಿವರಿಸಿದಾಗ ಅವರ ಗೊಂದಲ ಇನ್ನೂ ಹೆಚ್ಚಾಯಿತು.

ಆದರೆ ಒಂದು ಕಡೆ ನಮ್ಮ ಸಂಸ್ಕಾರವೇ ಅಡ್ಡ ಬರುತ್ತದೆ. ಹೊರಗಿನವರ ಎದುರು ನಮ್ಮ ಮ್ಯಾನೇಜರ್ ಬಗ್ಗೆ ಹೇಳುವಾಗ ನಾವು ‘ಸಾಹೇಬರು ಈಗ ಇಲ್ಲ, ಆಮೇಲೆ ಬರ್ತಾರೆ’ ಅಂತ ಬಹುವಚನ ಬಿಡುವುದಿಲ್ಲ. ಜಪಾನಿಯಲ್ಲಿ ಗ್ರಾಹಕರ ಫೋನ್ ಬಂದರೆ ನಮ್ಮ ಮ್ಯಾನೇಜರ್ ಹೆಸರಿಗೆ ಗೌರವದ ‘ಸನ್’ ಸೇರಿಸಬಾರದು, ಕ್ರಿಯಾಪದವನ್ನೂ ವಿನಯದ ರೂಪಕ್ಕೆ ಇಳಿಸಬೇಕು. ಯಾಕೆಂದರೆ ಆ ಹೊತ್ತಿಗೆ ಅವರು ನಮ್ಮವರು, ಫೋನಿನಲ್ಲಿರುವವರು ಹೊರಗಿನವರು. ತಗ್ಗಬೇಕಾದ್ದು ನಮ್ಮ ಕಡೆಯವರೇ. ಫೋನ್ ಇಟ್ಟ ಕೂಡಲೇ ಅದೇ ಮ್ಯಾನೇಜರಿಗೆ ‘ಸನ್’ ವಾಪಸ್ಸು. ನಿಯಮ ಬುದ್ಧಿಗೆ ಬೇಗ ಹತ್ತಿತು, ಬಾಯಿಗೆ ಇವತ್ತಿಗೂ ಹತ್ತಿಲ್ಲ. ಸಾಹೇಬರು ಪಕ್ಕದಲ್ಲೇ ಕೂತಿದ್ದರಂತೂ ಗಂಟಲು ಕಟ್ಟುತ್ತದೆ.

ಕೊಡುವ ಕ್ರಿಯಾಪದಗಳಲ್ಲೂ ಕನ್ನಡ ಸಾಲದು. ನಾನು ಬೇರೆಯವರಿಗೆ ಕೊಟ್ಟರೆ ‘ಅಗೆರು’, ಅವರು ನನಗೆ ಕೊಟ್ಟರೆ ‘ಕುರೆರು’. ನಮಗೆ ಎರಡಕ್ಕೂ ‘ಕೊಡು’ ಒಂದೇ. ಪಕ್ಕದ ಟೇಬಲ್ಲಿನ ಮಲಯಾಳಿ ಗೆಳೆಯನಿಗೆ ಹೇಳಿದ ಕೂಡಲೇ, ‘ನಮ್ಮಲ್ಲೂ ಹಾಗೇ ಅಲ್ವಾ, ತರುಕ ಬೇರೆ, ಕೊಡುಕ್ಕುಕ ಬೇರೆ’ ಅಂದ. ಪೂರ್ತಿ ಒಂದೇ ಲೆಕ್ಕಾಚಾರ ಅಲ್ಲದಿದ್ದರೂ ಬಹಳ ಹತ್ತಿರ. ಆ ಪಾಠವನ್ನು ನಾನು ಕ್ಲಾಸಿಗಿಂತ ಅವನಿಂದಲೇ ಚೆನ್ನಾಗಿ ಕಲಿತೆ, ಜೊತೆಗೆ ಒಂದಿಷ್ಟು ಮಲಯಾಳವನ್ನೂ.

ಪರೀಕ್ಷೆಯ ವಿಷಯ ಕೇಳುವವರಿಗೆ: ಜೆಎಲ್‌ಪಿಟಿ ಅನ್ನುವ ಜಪಾನಿ ಭಾಷಾ ಪರೀಕ್ಷೆಗೆ ಸುಲಭದ ಎನ್5ರಿಂದ ಕಠಿಣದ ಎನ್1ರವರೆಗೆ ಐದು ಹಂತ, ಜುಲೈ ಮತ್ತು ಡಿಸೆಂಬರಿನಲ್ಲಿ ನಡೆಯುತ್ತದೆ. ಎನ್5ರಲ್ಲಿ 180ಕ್ಕೆ 80 ಬಂದರೆ ಪಾಸು, ಆದರೆ ಕೇಳುವ ಭಾಗದಲ್ಲಿ ಪ್ರತ್ಯೇಕವಾಗಿ 60ಕ್ಕೆ 19 ಬರಲೇಬೇಕು. ಮಾತಾಡುವ ಪರೀಕ್ಷೆ ಇಲ್ಲ. ಹಾಗಾಗಿ ಎನ್3 ಪಾಸಾಗಿಯೂ ಬಾಯಿ ಬಿಡದವರು ಸಿಗುತ್ತಾರೆ. ನನ್ನಂಥ ಕೆಲಸದವರಿಗೆ ಸರ್ಟಿಫಿಕೇಟಿಗಿಂತ ಲೈನಿನ ಮಾತು ಮುಖ್ಯ, ಆದರೂ ದಿನಾಂಕ ಅಂತ ಒಂದಿದ್ದರೆ ಓದು ಸಾಗುತ್ತದೆ ಅಂತ ಕಟ್ಟಿದೆ, ಎನ್4ರ ತನಕ ಬಂದೆ.

ಈಗ ಎನ್3ಕ್ಕೆ ಓದುತ್ತಿದ್ದೇನೆ. ಸಿಕ್ಕಿಹಾಕಿಕೊಂಡಿರುವುದು ಸಾಮಾನ್ಯವಾಗಿ ಕರ್ತೃಪದಕ್ಕೆ ಅಂಟುವ ‘ವ’ ಮತ್ತು ‘ಗ’ ಎಂಬ ಎರಡು ಪುಟ್ಟ ಪ್ರತ್ಯಯಗಳಲ್ಲಿ. ನಮ್ಮ ಪ್ರಥಮಾ ವಿಭಕ್ತಿಗೆ ಆಡುಮಾತಿನಲ್ಲಿ ಬೇರೆ ಗುರುತೇ ಇಲ್ಲದ್ದರಿಂದ ಇಲ್ಲಿ ಹಿಡಿದುಕೊಳ್ಳಲು ಆಧಾರವಿಲ್ಲ. ‘ನಾನಂತೂ ಬರ್ತೀನಿ’ ಅಂದಾಗಿನ ‘ಅಂತೂ’ ಕೆಲವು ಕಡೆ ‘ವ’ಕ್ಕೆ ಹೊಂದುತ್ತದೆ, ‘ನಾನೇ ಮಾಡಿದ್ದು’ ಅನ್ನುವಾಗಿನ ‘ಏ’ ಕೆಲವು ಕಡೆ ‘ಗ’ಕ್ಕೆ, ಉಳಿದ ಕಡೆ ಎರಡೂ ಕೈಕೊಡುತ್ತವೆ. ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ಸುಲಭ ಜಪಾನಿ ಸುದ್ದಿಯಲ್ಲಿ ಕಂಜಿಯ ನೆತ್ತಿಯ ಮೇಲೆ ಓದು ಬರೆದಿರುತ್ತಾರೆ. ಅದನ್ನು ಪ್ರಿಂಟ್ ತೆಗೆದು, ಊಟ ಆದ ಮೇಲೆ ‘ವ’ ಬಂದಲ್ಲಿ ನೀಲಿ, ‘ಗ’ ಬಂದಲ್ಲಿ ಕೆಂಪು ಗೆರೆ ಎಳೆಯುತ್ತೇನೆ. ಮುಂದಿನ ತಿಂಗಳು ಜಪಾನಿನಿಂದ ಹೊಸಬರೊಬ್ಬರು ಬರುತ್ತಾರಂತೆ. ಗೆರೆ ಎಳೆದ ಹಾಳೆಗಳನ್ನು ಅವರ ಮುಂದೆ ಹರವಿ ಒಂದೊಂದಾಗಿ ಕೇಳಬೇಕು ಅಂತಿದ್ದೇನೆ.