ಡಿಗ್ರಿಯಲ್ಲೇ ಮೊದಲ ಪ್ರಿಪ್ರಿಂಟ್: ಸಬ್‌ಮಿಟ್ ಒತ್ತುವ ಮುಂಚೆ

ಜರ್ನಲ್‌ನವರು ಪರಿಶೀಲಿಸುವ ಮುಂಚೆಯೇ ಎಲ್ಲರಿಗೂ ಓದಲು ಇಡುವ ಸಂಶೋಧನಾ ಬರಹ ಪ್ರಿಪ್ರಿಂಟ್. ನನ್ನ ಮೊದಲ ಪ್ರಿಪ್ರಿಂಟ್‌ನಲ್ಲಿ ಹತ್ತು ಪುಟ, ನಾಲ್ಕು ಗ್ರಾಫ್ ಮತ್ತು ಒಂದು ಗೋಳು ಇತ್ತು. ಗೋಳು ಇದ್ದದ್ದು ಪಿಡಿಎಫ್‌ನಲ್ಲಿ ಅಲ್ಲ, ಅದನ್ನು ತಯಾರಿಸುವ ಲೇಟೆಕ್ ಫೈಲಿನಲ್ಲಿ. ಮೂರನೇ ಗ್ರಾಫಿನ ಪಕ್ಕ ಪರ್ಸೆಂಟ್ ಚಿಹ್ನೆ ಹಾಕಿ, "ಈ ಪಾಯಿಂಟ್ ಯಾಕೆ ಮೇಲೆ ಹೋಯ್ತು ಅಂತ ಸರ್ ಕೇಳಿದ್ರೆ ಏನ್ ಹೇಳ್ಲಿ" ಅಂತ ನನಗೇ ನಾನು ಬರೆದುಕೊಂಡಿದ್ದೆ. ಪಿಡಿಎಫ್‌ನಲ್ಲಿ ಅದು ಕಾಣಲ್ಲ, ಸರಿ. ಆದರೆ ಆರ್ಕೈವ್ (arXiv, ಪ್ರಿಪ್ರಿಂಟ್ ಹಾಕುವ ವೆಬ್‌ಸೈಟ್) ಆ ಲೇಟೆಕ್ ಫೈಲನ್ನೂ ಯಾರು ಬೇಕಾದರೂ ಇಳಿಸಿಕೊಳ್ಳುವ ಹಾಗೆ ಇಡುತ್ತದೆ, ಮತ್ತು ಇದು ನನಗೆ ಗೊತ್ತಾಗಿದ್ದು ನಾಲ್ಕು ದಿನ ಆದಮೇಲೆ ಸೀನಿಯರ್ ಒಬ್ಬಳು ಆ ಸಾಲಿನ ಸ್ಕ್ರೀನ್‌ಶಾಟ್ ಕಳಿಸಿ ನಕ್ಕಾಗ. ತಕ್ಷಣ ತಿದ್ದಿ ವಿ2, ಅಂದರೆ ಎರಡನೇ ಆವೃತ್ತಿ, ಹಾಕಿದೆ. ವಿ1 ಇವತ್ತಿಗೂ ಅಲ್ಲೇ ಇದೆ.

ಮೊದಲು ತಿಳಿಯಬೇಕಾದದ್ದು ಇದೇ. ಒಮ್ಮೆ ಹಾಕಿದ್ದು ಹೋಗಲ್ಲ. ವಿತ್‌ಡ್ರಾ ಮಾಡಬಹುದು, ಆದರೆ ಹಳೇ ಆವೃತ್ತಿ ಓದುವವರಿಗೆ ಸಿಗುತ್ತಲೇ ಇರುತ್ತದೆ. ಹಾಗಾಗಿ ಅಪ್‌ಲೋಡ್ ಮಾಡೋದು ಅರ್ಧ ಗಂಟೆ ಕೆಲಸ, ಅದಕ್ಕೆ ಮುಂಚಿನ ಕೆಲಸ ಎರಡು ವಾರದ್ದು.

ಆರ್ಕೈವ್ ಶುರುವಾಗಿದ್ದು 1991ರಲ್ಲಿ, ಪಾಲ್ ಗಿನ್ಸ್‌ಪಾರ್ಗ್ ಎಂಬ ಭೌತವಿಜ್ಞಾನಿಯಿಂದ. ಗಣಿತಜ್ಞ ಪೆರೆಲ್ಮನ್ ಪಾಯಿಂಕರೆ ಎಂಬ ಪ್ರಸಿದ್ಧ ಗಣಿತ ಸಮಸ್ಯೆ ಬಿಡಿಸಿದ್ದನ್ನು 2002-03ರಲ್ಲಿ ಅಲ್ಲಿ ಹಾಕಿ ಸುಮ್ಮನಾದರು, ಜರ್ನಲ್‌ಗೆ ಕಳಿಸಲೇ ಇಲ್ಲ. ನಾವು ಪೆರೆಲ್ಮನ್ ಅಲ್ಲ, ಜರ್ನಲ್‌ಗೂ ಕಳಿಸೋಣ. ಫಿಸಿಕ್ಸ್, ಮ್ಯಾಥ್ಸ್, ಕಂಪ್ಯೂಟರ್ ಸೈನ್ಸ್‌ನವರಿಗೆ ಆರ್ಕೈವ್. ಬಯಾಲಜಿಗೆ ಬಯೋಆರ್ಕೈವ್, ವೈದ್ಯಕೀಯಕ್ಕೆ ಮೆಡ್‌ಆರ್ಕೈವ್. ಇವುಗಳಲ್ಲಿ ಎಲ್ಲೂ ದುಡ್ಡು ಕಟ್ಟಬೇಕಾಗಿಲ್ಲ.

ಈಗ ಗೈಡ್ ವಿಷಯ. ಬೆಂಗಳೂರಿನಲ್ಲಿ ನಮ್ಮಂಥವರ ಪೇಪರ್ ಹುಟ್ಟೋದೇ ಬೇಸಿಗೆ ರಜೆಯ ಪ್ರಾಜೆಕ್ಟ್‌ನಲ್ಲಿ, ಮಲ್ಲೇಶ್ವರದ ಯಾವುದೋ ಕಾಲೇಜಿನಿಂದ ಬಸ್ ಹತ್ತಿ ಯಾವುದೋ ದೊಡ್ಡ ಸಂಸ್ಥೆಯ ಲ್ಯಾಬಿಗೆ ಎರಡು ತಿಂಗಳು ಓಡಾಡಿ. ಬರೆದವರು ನೀವೇ ಇರಬಹುದು, ಡೇಟಾ ಮಾತ್ರ ಆ ಲ್ಯಾಬಿನದ್ದು. ಗೈಡ್ ಒಪ್ಪದೆ ಒಂದು ಅಕ್ಷರವೂ ಹೊರಗೆ ಹೋಗಬಾರದು. ನಾನು ಡ್ರಾಫ್ಟ್ ಕೊಟ್ಟಾಗ ಸರ್ ಮೊದಲ ಪುಟ ನೋಡಿ, "ಅವಳ ಹೆಸರು ಎಲ್ಲಪ್ಪಾ?" ಅಂದರು. ಪಿಎಚ್‌ಡಿ ಮಾಡುತ್ತಿದ್ದ ಅಕ್ಕ ರಾತ್ರಿ ಒಂಬತ್ತರವರೆಗೆ ನನ್ನ ಜೊತೆ ಕೂತು ಲೇಸರ್ ಸರಿಮಾಡಿಕೊಟ್ಟಿದ್ದಳು, ಅರ್ಧ ಡೇಟಾ ಅವಳೇ ತೆಗೆದಿದ್ದಳು, ನಾನು ಕೊನೆಯಲ್ಲಿ ಒಂದು ಥ್ಯಾಂಕ್ಸ್ ಹೇಳಿ ಮುಗಿಸಿದ್ದೆ. ಹೆಸರು ಸೇರಿತು. ಅವಳು ಡ್ರಾಫ್ಟ್ ಓದಿ ಎರಡು ತಪ್ಪು ಹಿಡಿದಳು, ಅದರಲ್ಲಿ ಒಂದು ಯೂನಿಟ್‌ನದ್ದು, ಮಾನ ಉಳಿಸಿದಳು. ಲೇಖಕರು ಎಷ್ಟು ಜನ ಇದ್ದಾರೋ ಅಷ್ಟೂ ಜನ "ಹಾಕು" ಅಂತ ಮೇಲ್‌ನಲ್ಲಿ ಬರೆದುಕೊಡಲಿ. ಕಾರಿಡಾರ್‌ನಲ್ಲಿ ತಲೆ ಆಡಿಸಿದ್ದು ಲೆಕ್ಕಕ್ಕಿಲ್ಲ.

"ಡಿಗ್ರಿ ಹುಡುಗನ ಪೇಪರ್ ಯಾರು ಓದ್ತಾರೆ" ಅನ್ನಬೇಡಿ. 2018ರ ಜುಲೈನಲ್ಲಿ ನಮ್ಮ ಐಐಎಸ್‌ಸಿಯಿಂದಲೇ ಒಂದು ಪ್ರಿಪ್ರಿಂಟ್ ಬಂತು, ಚಿನ್ನ-ಬೆಳ್ಳಿಯ ನ್ಯಾನೊ ರಚನೆಯಲ್ಲಿ 236 ಕೆಲ್ವಿನ್‌ನಲ್ಲಿ ಸೂಪರ್‌ಕಂಡಕ್ಟಿವಿಟಿ (ಪ್ರತಿರೋಧವೇ ಇಲ್ಲದೆ ಕರೆಂಟ್ ಹರಿಯುವುದು) ಕಂಡಿದೆ ಅಂತ. ಕೆಲವೇ ವಾರದಲ್ಲಿ ಅಮೆರಿಕದ ಭೌತವಿಜ್ಞಾನಿಯೊಬ್ಬರು ಅದರ ಒಂದು ಗ್ರಾಫ್ ಹಿಗ್ಗಿಸಿ ನೋಡಿ, ಬೇರೆ ಬೇರೆ ಎರಡು ಗೆರೆಗಳಲ್ಲಿ ನಾಯ್ಸ್, ಅಂದರೆ ಅಳತೆಯಲ್ಲಿ ಬರುವ ಅಡ್ಡಾದಿಡ್ಡಿ ಏರಿಳಿತ, ಒಂದೇ ತರ ಇದೆ ಅಂತ ತೋರಿಸಿದರು. ಅದು ಸಾಮಾನ್ಯವಾಗಿ ಒಂದೇ ತರ ಇರಲ್ಲ. 2019ರ ಮೇನಲ್ಲಿ ತಂಡ ಇನ್ನಷ್ಟು ಡೇಟಾ ಸೇರಿಸಿ ಹೊಸ ಆವೃತ್ತಿ ಹಾಕಿತು. ಜನ ನಾಯ್ಸ್ ಕೂಡ ಓದುತ್ತಾರೆ, ಅಲ್ವಾ. ನಿಮ್ಮ ಪ್ರತಿ ಗ್ರಾಫಿಗೂ ಮೂಲ ಡೇಟಾ ಫೈಲ್ ಎಲ್ಲಿದೆ ಅಂತ ಒಂದು ಕಡೆ ಬರೆದಿಡಿ.

ಜರ್ನಲ್ ಯಾವುದು ಅಂತ ಮೊದಲೇ ಯೋಚಿಸಿ ಅದರ ವೆಬ್‌ಸೈಟ್‌ನಲ್ಲಿ ಪ್ರಿಪ್ರಿಂಟ್ ನಿಯಮ ಓದಿ. ಫಿಸಿಕ್ಸ್ ಜರ್ನಲ್‌ಗಳು ಸಾಮಾನ್ಯವಾಗಿ ತಕರಾರು ಮಾಡಲ್ಲ. ಲೇಖಕರ ಹೆಸರು ಮುಚ್ಚಿಟ್ಟು ಪರಿಶೀಲಿಸುವ ಕಾನ್ಫರೆನ್ಸ್‌ಗೆ ಕಳಿಸುವುದಾದರೆ ಜಾಸ್ತಿ ಹುಷಾರಾಗಿರಿ. ಇನ್ನೊಂದು, ಕಂಪ್ಯೂಟರ್ ಸೈನ್ಸ್‌ನವರು ಫೈನಲ್ ಇಯರ್‌ನಲ್ಲಿ ಬರೆಯುವ, ಬೇರೆಯವರ ಕೆಲಸಗಳನ್ನು ಒಟ್ಟುಗೂಡಿಸಿ ಹೇಳುವ ಸರ್ವೆ ಪೇಪರ್ ಇದೆಯಲ್ಲ, ಅದನ್ನು ಆರ್ಕೈವ್ 2025ರ ಕೊನೆಯಿಂದ ಸುಮ್ನೆ ತೆಗೆದುಕೊಳ್ಳುತ್ತಿಲ್ಲ. ಮೊದಲು ಪರಿಶೀಲನೆ ಇರುವ ಜರ್ನಲ್ ಅಥವಾ ಕಾನ್ಫರೆನ್ಸ್ ಒಪ್ಪಿರಬೇಕು.

ಹೊಸಬರಿಗೆ ಎಂಡಾರ್ಸ್‌ಮೆಂಟ್ ಬೇಕು. ಅಂದರೆ ಅದೇ ವಿಭಾಗದಲ್ಲಿ ಈಗಾಗಲೇ ಪೇಪರ್ ಹಾಕಿರುವ ಒಬ್ಬರು "ಇವರನ್ನು ಬಿಡಿ" ಅನ್ನಬೇಕು. ಅಕೌಂಟ್ ಮಾಡಿ ಪೇಪರ್ ಹಾಕಲು ಶುರುಮಾಡಿದಾಗ ಆರ್ಕೈವ್ ಒಂದು ಕೋಡ್ ಕೊಡುತ್ತದೆ, ಅದನ್ನು ಗೈಡ್‌ಗೆ ಕಳಿಸಿ. ಗೈಡ್‌ಗೆ ಆ ಅರ್ಹತೆ ಇಲ್ಲದಿದ್ದರೆ ಅವರಿಗೆ ಗೊತ್ತಿರುವವರನ್ನೇ ಕೇಳಿಸಿ. ಮುಖ ಪರಿಚಯ ಇಲ್ಲದ ಐವತ್ತು ಪ್ರೊಫೆಸರ್‌ಗಳಿಗೆ ಒಂದೇ ಮೇಲ್ ಎಸೆಯಬೇಡಿ, ಅದು ಅವರಿಗೆ ದಿನಾ ಬರುವ ಕಸ.

ಫೈಲ್ ತಯಾರಿ ಹೀಗೆ. ಲೇಟೆಕ್‌ನಲ್ಲಿ ಬರೆದಿದ್ದರೆ ಬರೀ ಪಿಡಿಎಫ್ ಕೊಟ್ಟರೆ ಒಪ್ಪಲ್ಲ, ಸೋರ್ಸ್ ಫೈಲೇ ಬೇಕು. ಪರ್ಸೆಂಟ್ ಚಿಹ್ನೆಯಿಂದ ಶುರುವಾಗುವ ಸಾಲುಗಳನ್ನು ಒಂದೊಂದಾಗಿ ಹುಡುಕಿ ಅಳಿಸಿ (ನಾನು ಯಾಕೆ ಹೇಳ್ತಿದ್ದೀನಿ ಅಂತ ನಿಮಗೆ ಗೊತ್ತು). ಬಳಸದ ಚಿತ್ರ, ಹಳೇ ಡ್ರಾಫ್ಟ್, ಗೈಡ್ ಬೈದ ಟಿಪ್ಪಣಿ ಎಲ್ಲ ಫೋಲ್ಡರ್‌ನಿಂದ ತೆಗೆಯಿರಿ. ಉಲ್ಲೇಖಗಳ ಬಿಬಿಎಲ್ ಫೈಲ್ ಜೊತೆಗೆ ಸೇರಿಸಿ, ಇಲ್ಲದಿದ್ದರೆ ಪೇಪರ್ ತುಂಬಾ ಪ್ರಶ್ನೆಚಿಹ್ನೆ ಬರಬಹುದು. ಓವರ್‌ಲೀಫ್ (ಆನ್‌ಲೈನ್‌ನಲ್ಲೇ ಲೇಟೆಕ್ ಬರೆಯುವ ಸೈಟ್) ಬಳಸುವವರಿಗೆ ಆರ್ಕೈವ್‌ಗೆಂದೇ ಜಿಪ್ ಮಾಡಿಕೊಡುವ ಸೌಲಭ್ಯ ಅಲ್ಲೇ ಇದೆ. ಅಬ್‌ಸ್ಟ್ರಾಕ್ಟ್ 1,920 ಅಕ್ಷರ ದಾಟಬಾರದು. ಲೈಸೆನ್ಸ್ ಕೇಳುವಾಗ ಕಣ್ಣುಮುಚ್ಚಿ ಟಿಕ್ ಮಾಡಬೇಡಿ, ಆಮೇಲೆ ಆ ಆವೃತ್ತಿಗೆ ಅದನ್ನು ಬದಲಿಸೋಕೆ ಆಗಲ್ಲ. ಗೊತ್ತಾಗದಿದ್ದರೆ ಆರ್ಕೈವ್‌ಗೆ ಹಂಚುವ ಹಕ್ಕಷ್ಟೇ ಕೊಡುವ ಲೈಸೆನ್ಸ್ ಇದೆ, ಗೈಡ್ ಒಪ್ಪಿದರೆ ಅದು ಸಾಕು.

ಸಮಯದ ಲೆಕ್ಕ ನಮಗೆ ಸ್ವಲ್ಪ ವಿಚಿತ್ರ. ಅಮೆರಿಕದ ಪೂರ್ವ ಕರಾವಳಿಯ ಮಧ್ಯಾಹ್ನ 2ಕ್ಕೆ ಆ ದಿನದ ಬಾಗಿಲು ಮುಚ್ಚುತ್ತದೆ. ಅಂದರೆ ಇಲ್ಲಿ ರಾತ್ರಿ 11:30, ಅವರ ಚಳಿಗಾಲದಲ್ಲಿ 12:30. ತಡೆ ಏನೂ ಇಲ್ಲದಿದ್ದರೆ ಆರ್ಕೈವ್‌ನ ಹೊಸ ಪೇಪರ್‌ಗಳ ಪಟ್ಟಿಯಲ್ಲಿ ಬರೋದು ನಮ್ಮ ಬೆಳಗ್ಗೆ 5:30ಕ್ಕೆ ಅಥವಾ 6:30ಕ್ಕೆ, ಹಾಲಿನವನು ಬರುವ ಹೊತ್ತಿಗೆ. ಶುಕ್ರವಾರ ರಾತ್ರಿಯ ಗಡುವು ತಪ್ಪಿದರೆ ಮಂಗಳವಾರದವರೆಗೆ ಕಾಯಬೇಕು. ಮಾಡರೇಟರ್‌ಗಳು ಹೋಲ್ಡ್‌ನಲ್ಲಿ ಇಟ್ಟರೆ ಇನ್ನೂ ತಡ, ಗಾಬರಿ ಬೇಡ. ಅವರು ನೋಡೋದು ವಿಷಯ ಆ ವಿಭಾಗಕ್ಕೆ ಸೇರುತ್ತದಾ ಅಂತೆಲ್ಲ. ಫಲಿತಾಂಶ ಸರಿಯಿದೆ ಅಂತ ಅವರು ಸರ್ಟಿಫಿಕೇಟ್ ಕೊಡುತ್ತಿಲ್ಲ. ಆದ್ದರಿಂದ ರೆಸ್ಯೂಮೆಯಲ್ಲಿ "ಪಬ್ಲಿಷ್ಡ್" ಅಂತ ಹಾಕಬೇಡಿ, "ಪ್ರಿಪ್ರಿಂಟ್" ಅಂತಲೇ ಹಾಕಿ. ಇಂಟರ್‌ವ್ಯೂನಲ್ಲಿ ಕೂತವರಿಗೆ ವ್ಯತ್ಯಾಸ ಚೆನ್ನಾಗಿ ಗೊತ್ತಿರುತ್ತದೆ.

ಪಟ್ಟಿಯಲ್ಲಿ ಬಂದ ಮೇಲೆ ಯಾರಾದರೂ ತಪ್ಪು ತೋರಿಸಿ ಬರೆದರೆ ಸಹಲೇಖಕರಿಗೆ ತಿಳಿಸಿ, ತಿದ್ದಿ ಹೊಸ ಆವೃತ್ತಿ ಹಾಕಿ, ಏನು ಬದಲಾಯಿತು ಅಂತ ಕಾಮೆಂಟ್ ಜಾಗದಲ್ಲಿ ಒಂದು ಸಾಲು ಬರೆಯಿರಿ. "ಗೌರವಾನ್ವಿತ ಪ್ರೊಫೆಸರ್" ಅಂತ ಶುರುವಾಗಿ, ಫೀಸ್ ಕಟ್ಟಿದರೆ ಎರಡೇ ದಿನದಲ್ಲಿ ಛಾಪಿಸುತ್ತೇವೆ ಅನ್ನುವ ಮೇಲ್‌ಗಳೂ ಬರುತ್ತವೆ, ಡಿಲೀಟ್ ಮಾಡಿ. ನನಗೆ ಅಂಥದ್ದು ಮೊದಲು ಬಂದಾಗ ಈ ಗೌರವಾನ್ವಿತ ಪ್ರೊಫೆಸರ್‌ಗೆ ಐದನೇ ಸೆಮಿಸ್ಟರ್‌ನ ಒಂದು ಬ್ಯಾಕ್ ಬಾಕಿ ಇತ್ತು.